ಬಿಚ್ಚಬೇಡ ಅಂದ ಚಕ್ರ

ಊರಿನವರು ಅವನನ್ನು ಪತ್ತೇದಾರ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಅಂಗಡಿಯವನು ತೂಕಕ್ಕಿಂತ ಒಂದು ಹಿಡಿ ಹೆಚ್ಚಿಗೆ ಹಾಕಿದರೆ, ಸರಕಿನಲ್ಲೇ ಏನೋ ಐಬಿದೆ ಎಂದು ಚೀಲವನ್ನೇ ವಾಪಸ್ ಕೊಟ್ಟು ಬರುವ ಆಸಾಮಿ ಅವನು. ಡಾಕ್ಟರು "ನಿನಗೇನೂ ಆಗಿಲ್ಲ, ಹೋಗು" ಎಂದರೆ, ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಇನ್ನೊಬ್ಬ ಡಾಕ್ಟರ ಬಾಗಿಲು ತಟ್ಟಿದವನು. ಹೋಗಲಿ ಬಿಡಿ, ಅನುಮಾನ ಯಾರಿಗಿಲ್ಲ? ಆದರೆ ಇವನದು ಊಟ ಮುಗಿದ ಮೇಲೂ ತಟ್ಟೆ ಎತ್ತಿ ಅಡಿಯಲ್ಲಿ ನೋಡುವಂಥ ಅನುಮಾನ.

ಆ ವರ್ಷ ಬಿತ್ತನೆಯ ಹೊತ್ತಿಗೆ ಸರಿಯಾಗಿ ಅವನ ಟ್ರ್ಯಾಕ್ಟರ್ ಕೂರಿಗೆಯ ಗೇಜ್ ಚಕ್ರಗಳು ಕೈಕೊಟ್ಟವು. ಕೂರಿಗೆಯ ಎರಡು ಬದಿಗೂ ಒಂದೊಂದು ಇರುವ ಪುಟ್ಟ ಚಕ್ರಗಳವು. ನೋಡುವುದಕ್ಕೆ ಮಕ್ಕಳ ಆಟದ ಸಾಮಾನಿನಂತೆ ಕಂಡರೂ, ಬೀಜ ಎಷ್ಟು ಆಳಕ್ಕೆ ಬೀಳಬೇಕು ಎಂದು ತೀರ್ಮಾನಿಸುವುದು ಅವೇ. ಒಂದರ ರಬ್ಬರು ಸವೆದು ರಿಮ್ಮು ಕಾಣುತ್ತಿತ್ತು, ಇನ್ನೊಂದು ಕುಡುಕನ ಹಾಗೆ ಓಲಾಡುತ್ತಿತ್ತು. ಒಂದು ಕಡೆ ಬೀಜವೆಲ್ಲ ಮಣ್ಣಿನ ಮೇಲೇ ಬಿದ್ದು ಹಕ್ಕಿಗಳಿಗೆ ಔತಣ, ಇನ್ನೊಂದು ಕಡೆ ಮೊಳಕೆ ಮೇಲೇಳಲಾರದಷ್ಟು ಆಳ.

ಕಂಪನಿಯ ಅಂಗಡಿಯಲ್ಲಿ ಕೇಳಿದ. "ಆ ಮಾಡೆಲ್ ನಿಂತೇ ಹೋಯ್ತಲ್ಲ ಯಜಮಾನ್ರೇ, ಹೊಸ ಕೂರಿಗೆನೇ ತಗೊಳ್ಳಿ" ಅಂದರು. ಒಳಗಿಟ್ಟುಕೊಂಡೇ ಹೀಗನ್ನುತ್ತಿದ್ದಾರೆ ಎಂದುಕೊಂಡು, ಕೌಂಟರಿನ ಹಿಂದಿನ ಕಪಾಟುಗಳನ್ನೆಲ್ಲ ಕತ್ತು ಉದ್ದ ಮಾಡಿ ನೋಡಿ ಬಂದ. ಗುಜರಿಯವನ ಹತ್ತಿರ ಒಂದು ಜೊತೆ ಸಿಕ್ಕಿತು. ಫಳಫಳ ಹೊಳೆಯುವ ಹಳದಿ ಬಣ್ಣ. ಪತ್ತೇದಾರ ಉಗುರಿನಿಂದ ಬಣ್ಣ ಕೆರೆದ. ಕೆಳಗೆ ರಿಮ್ಮು ಬಿರುಕು ಬಿಟ್ಟಿತ್ತು. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದ. ಒಂದು ಇನ್ನೊಂದಕ್ಕಿಂತ ಎರಡು ಬೆರಳು ಎತ್ತರ.

"ಗಾಳಿ ಹಾಕಿದ್ರೆ ಸರಿಹೋಗುತ್ತೆ ಬಿಡಿ ಅಣ್ಣ" ಎಂದ ಗುಜರಿಯವನು.

"ಗಟ್ಟಿ ರಬ್ಬರಿಗೆ ಎಲ್ಲಿಂದಯ್ಯಾ ಗಾಳಿ ಹಾಕ್ತೀಯ? ನಿನ್ನ ಬಾಯಿಂದಾನಾ?"

ಹೀಗೆ ಆಗಾಗ ಅವನ ಅನುಮಾನ ನಿಜವೇ ಆಗಿಬಿಡುತ್ತಿತ್ತು. ಅದೇ ಅವನ ಗ್ರಹಚಾರ.

ಚಕ್ರ ಸಿಗಲಿಲ್ಲ, ಮಣ್ಣಿನ ಹದ ಆರುತ್ತಾ ಬಂತು. ಆಗ ಅವನ ಹೆಂಡತಿ ಅವನಿಗೆ ಹೇಳದೆ ಒಂದು ಫೋನ್ ಮಾಡಿದಳು. ಮಾಡಿದ್ದು ಅತ್ತಿಗೆಗೆ, ಅಂದರೆ ಅವನ ಅಕ್ಕನಿಗೆ.

ಈ ಅಕ್ಕನ ವಿಷಯ ಹೇಳಲೇಬೇಕು. ಅಮ್ಮ ತೀರಿಕೊಂಡಾಗ ಪತ್ತೇದಾರ ಇನ್ನೂ ಚಡ್ಡಿ ಹಾಕುವ ಹುಡುಗ. ಅವನ ತಲೆ ಬಾಚಿ, ಮೂಗು ಒರೆಸಿ, ತುತ್ತು ತಿನ್ನಿಸಿ ಬೆಳೆಸಿದವಳು ಅಕ್ಕ. ಪೇಟೆಯಲ್ಲಿ ವರ್ಕ್‌ಶಾಪ್ ಇಟ್ಟಿದ್ದ ಮೆಕ್ಯಾನಿಕ್ಕನ್ನು ಮದುವೆಯಾದ ಮೇಲೂ ಮೇಲಿಂದ ಮೇಲೆ ಬಂದು ತಮ್ಮನ ಮುಖ ನೋಡಿ ಹೋಗುತ್ತಿದ್ದಳು. ಅಂಥವಳು ಬರುವುದನ್ನೇ ಬಿಟ್ಟಿದ್ದಳು. ಭಾವ ಟ್ರ್ಯಾಕ್ಟರಿನ ಎಂಜಿನ್ ರಿಪೇರಿ ಮಾಡಿಕೊಟ್ಟಾಗ, ಈ ಮಹಾನುಭಾವ ಗಿರಾಕಿಗಳೆಲ್ಲ ಕೂತಿರುವಾಗಲೇ "ಹೊಸ ಪಿಸ್ಟನ್ ಅಂತ ಹೇಳಿ ಹಳೇದು ಹಾಕಿದ್ದೀರಲ್ಲ ಭಾವ" ಎಂದಿದ್ದ. ಇನ್ನೊಬ್ಬ ಮೆಕ್ಯಾನಿಕ್ಕಿನ ಕೈಲಿ ಬಿಚ್ಚಿಸಿ ನೋಡಿದರೆ ಎಲ್ಲ ಹೊಸದೇ. ತಪ್ಪಾಯ್ತು ಅನ್ನುವುದಕ್ಕೆ ಇವನ ನಾಲಿಗೆ ಹೊರಳಲಿಲ್ಲ. "ನನ್ನ ಗಂಡನ್ನ ಕಳ್ಳ ಅಂದವನ ಹೊಸಿಲು ನಾನು ತುಳಿಯಲ್ಲ" ಎಂದಳು ಅಕ್ಕ, ತುಳಿಯಲೂ ಇಲ್ಲ. ಅವಳು ಬಾರದ ಮನೆ ಅವನಿಗೆ ಬಿಕೋ ಅನ್ನುತ್ತಿತ್ತು. ಯಾರ ಹತ್ತಿರವೂ ಹೇಳುತ್ತಿರಲಿಲ್ಲ, ಅಷ್ಟೇ.

ಫೋನ್ ಹೋದ ಎರಡೇ ದಿನಕ್ಕೆ ಭಾವ ತಾನೇ ಗಾಡಿಯಲ್ಲಿ ಎರಡು ಚಕ್ರ ಹಾಕಿಕೊಂಡು ಬಂದಿಳಿದ. ಮುಚ್ಚಿಹೋದ ಅಂಗಡಿಯೊಂದರ ಗೋದಾಮಿನಲ್ಲಿ ಹುಡುಕಿ ತೆಗೆದದ್ದಂತೆ. ಒಳಗೆ ಹೊಸ ಬೇರಿಂಗ್ ತಾನೇ ಹಾಕಿದ್ದನಂತೆ. ಹೆಚ್ಚು ಮಾತಾಡದೆ ಕೆಲಸಕ್ಕೆ ಕೂತ. ಕೂರಿಗೆಯನ್ನು ಸಿಮೆಂಟಿನ ಅಂಗಳಕ್ಕೆ ತರಿಸಿ, ಎರಡೂ ಚಕ್ರದಡಿ ಒಂದೇ ದಪ್ಪದ ಹಲಗೆ ಇಟ್ಟು, ಕೂರಿಗೆಯ ಹಲ್ಲುಗಳು ನೆಲ ಮುಟ್ಟುವ ತನಕ ಇಳಿಸಿದ. ಹಲಗೆಯ ದಪ್ಪವೇ ಬೀಜದ ಆಳ. ಎರಡೂ ಬದಿಯ ಪಿನ್ನನ್ನು ಒಂದೇ ಸಾಲಿನ ತೂತಿಗೆ ಹಾಕಿ, ಬೋಲ್ಟು ಬಿಗಿದು, ಕೂರಿಗೆ ಎತ್ತಿಸಿ, ಕೈಯಿಂದ ಚಕ್ರ ತಿರುಗಿಸಿದ. ಸದ್ದಿಲ್ಲದೆ ತಿರುಗಿತು. ಪತ್ತೇದಾರ ಅಷ್ಟು ಹೊತ್ತೂ ಕಣ್ಣು ಮಿಟುಕಿಸದೆ ಪಕ್ಕದಲ್ಲೇ ನಿಂತಿದ್ದ.

"ಹೊಲದಲ್ಲಿ ಕೂರಿಗೆ ಎತ್ತಿ ಇಳಿಸೋ ಲಿವರ್ ಪೂರ್ತಿ ಕೆಳಗೆ ಬಿಟ್ಟುಬಿಡು. ಭಾರ ಎಲ್ಲ ಚಕ್ರದ ಮೇಲೇ ಬರ್ಲಿ" ಎಂದ ಭಾವ ಕೈ ಒರೆಸಿಕೊಳ್ಳುತ್ತಾ. "ಇನ್ನೊಂದು. ಈ ನಡುವಿನ ಮುಚ್ಚಳ ಮಾತ್ರ ಬಿಚ್ಚಬೇಡಪ್ಪ. ಒಳಗೆ ಎಲ್ಲ ಅಳತೆ ನೋಡಿ ಕೂರಿಸಿದ್ದೀನಿ."

ಹೊರಟವನು ಗೇಟಿನ ಹತ್ತಿರ ತಿರುಗಿ ನಿಂತ. "ಬಿತ್ತನೆ ಮುಗಿದ್ರೆ ಫೋನ್ ಮಾಡಬೇಕಂತೆ. ನಿಮ್ಮಕ್ಕ ಬಂದು ನಾಲ್ಕು ದಿನ ಇದ್ದು ಹೋಗ್ತಾಳಂತೆ."

ಹೆಂಡತಿಯ ಕಣ್ಣಲ್ಲಿ ನೀರೇ ಬಂತು. ಪತ್ತೇದಾರನೂ ಗೇಟಿನ ತನಕ ಹೋಗಿ ಕೈ ಬೀಸಿದ, ಸುಳ್ಳಲ್ಲ. ಆದರೆ ಗಾಡಿ ತಿರುವಿನಲ್ಲಿ ಮರೆಯಾಗುವಷ್ಟರಲ್ಲಿ ತಲೆಗೆ ಹುಳ ಹೊಕ್ಕಿತು. ಬಿಚ್ಚಬೇಡ ಅಂದನಲ್ಲ, ಯಾಕೆ? ಒಳ್ಳೇ ಮಾಲು ಹಾಕಿದವನು ಬಿಚ್ಚಿ ತೋರಿಸಬೇಕು ತಾನೇ? ಹಳೇ ಸಿಟ್ಟು ಅಷ್ಟು ಸುಲಭಕ್ಕೆ ಹೋಗುತ್ತದೆಯೇ?

ಮಧ್ಯಾಹ್ನ ಹೆಂಡತಿ ಹಾಡು ಗುನುಗುತ್ತಾ ಅತ್ತಿಗೆಗೆಂದು ಕೋಣೆ ಗುಡಿಸುತ್ತಿದ್ದಳು. ಇವನು ಸ್ಕ್ರೂಡ್ರೈವರ್ ಹಿಡಿದು ಎಡಗಡೆಯ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತ.

"ಏನ್ರೀ ಅದು ಟಕಟಕ?" ಎಂದಳು ಒಳಗಿನಿಂದ.

"ಏನಿಲ್ಲ ಕಣೇ, ಮಣ್ಣು ಒರೆಸ್ತಿದ್ದೀನಿ."

ಮುಚ್ಚಳ ಬಿಚ್ಚಿಕೊಂಡಿತು. ಬೇರಿಂಗ್ ಹೊಚ್ಚ ಹೊಸದು, ಗ್ರೀಸು ಬೆಣ್ಣೆಯ ಹಾಗೆ ತುಂಬಿತ್ತು. ಸಮಾಧಾನ ಆಗಬೇಕಿತ್ತಲ್ಲ? ಆಗಲಿಲ್ಲ, ಏನೋ ಕಳೆದುಕೊಂಡವನಂತೆ ಮುಖ ಇಳಿಬಿಟ್ಟ. ಚಕ್ರ ಹಿಡಿದು ಅಲ್ಲಾಡಿಸಿದ, ಕೂದಲೆಳೆಯಷ್ಟು ಆಡಿತು. ನಟ್ಟಿಗೆ ಸ್ಪ್ಯಾನರ್ ಹಾಕಿದ; ಪೂರ್ತಿ ಬಿಗಿ ಇರಲಿಲ್ಲ! ಸಿಕ್ಕಿಬಿದ್ದಿರಲ್ಲ ಭಾವ, ಎಂದು ಹಿರಿಹಿರಿ ಹಿಗ್ಗಿದ. ಬೇರಿಂಗ್ ಬಿಸಿಯಾದರೆ ಉಬ್ಬುವುದಕ್ಕೆ ಜಾಗ ಬೇಕೆಂದು ಮೆಕ್ಯಾನಿಕ್ಕು ಬೇಕೆಂದೇ ಅಷ್ಟು ಸಡಿಲ ಬಿಟ್ಟಿರುತ್ತಾನೆ. ಅದು ಇವನಿಗೆ ಹೊಳೆಯಬೇಕಲ್ಲ! ಸ್ಪ್ಯಾನರಿಗೆ ಪೈಪು ಸಿಕ್ಕಿಸಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಬಿಗಿದ. ಬಲಗಡೆಯದಕ್ಕೆ ಕೈ ಹಾಕುವಷ್ಟರಲ್ಲಿ ಹೆಂಡತಿ ಪೊರಕೆ ಹಿಡಿದು ಹೊರಗೆ ಬಂದಳು, ಅದು ಉಳಿಯಿತು.

ಮರುದಿನ ಹೊಲದಲ್ಲಿ ಮೊದಲ ಸಾಲುಗಳು ಸೊಗಸಾಗಿ ಬಂದವು. ಇಳಿದು ಕೆದಕಿ ನೋಡಿದ. ಬೀಜ ಹೇಳಿದ ಆಳಕ್ಕೇ ಬಿದ್ದಿತ್ತು. ಬಿಸಿಲೇರುವ ಹೊತ್ತಿಗೆ ಎಡಗಡೆಯಿಂದ ಕಿರ್ರೋ ಎಂದಿತು, ಸುಟ್ಟ ವಾಸನೆ ಬಂತು, ಚಕ್ರ ತಿರುಗುವುದನ್ನೇ ಬಿಟ್ಟು ಮಣ್ಣನ್ನು ಮುಂದಕ್ಕೆ ತಳ್ಳುತ್ತಾ ನಿಂತಿತು.

"ನಾನು ಹೇಳಲಿಲ್ವಾ!" ಎಂದು ಅಬ್ಬರಿಸಿದ.

"ನೀವೇನಾದ್ರೂ ಕೈ ಹಾಕಿದ್ರಾ?" ಎಂದು ಬೀಜ ತುಂಬಲು ಜೊತೆಗೆ ಬಂದಿದ್ದ ಹೆಂಡತಿ ಕೇಳಿದ್ದು ಅವನ ಕಿವಿಗೇ ಹೋಗಲಿಲ್ಲ. ಚಕ್ರ ಕಳಚಿ ಹೆಗಲಿಗೇರಿಸಿಕೊಂಡು ನೇರ ಪೇಟೆಗೆ ಬಂದ.

ವರ್ಕ್‌ಶಾಪಿನ ಬಾಗಿಲಲ್ಲೇ ಅಕ್ಕ ಎದುರಾದಳು. ಅವನನ್ನು ಕಂಡದ್ದೇ ಮುಖ ಅರಳಿತು. "ಅಯ್ಯೋ, ನೀನೇ ಕರೆಯೋಕೆ ಬಂದ್ಯಾ? ಫೋನ್ ಮಾಡಿದ್ರೆ ಸಾಕಿತ್ತಲ್ಲೋ! ಇರು, ಬಟ್ಟೆ ತುಂಬಿಟ್ಟಿದ್ದೀನಿ" ಎಂದು ಒಳಗೆ ಓಡಿ ಕೈಚೀಲ ತಂದಳು. ಅಷ್ಟರಲ್ಲಿ ಇವನು ಚಕ್ರವನ್ನು ಭಾವನ ಮೇಜಿನ ಮೇಲೆ ಕುಕ್ಕಿದ್ದ.

"ನಿಮ್ಮ ಚಕ್ರದ ಯೋಗ್ಯತೆ ನೋಡಿ ಭಾವ! ನಟ್ಟನ್ನೇ ಸಡಿಲ ಬಿಟ್ಟಿದ್ರಿ. ನಾನು ಬಿಗಿ ಮಾಡಿದ್ದಕ್ಕೆ ಬಚಾವು, ಇಲ್ದಿದ್ರೆ ಕಳಚಿ ಬೀಳ್ತಿತ್ತು!"

ಗಿರಾಕಿಗಳು ತಲೆ ಎತ್ತಿದರು. ಭಾವ ಚಕ್ರವನ್ನು ಹತ್ತಿರಕ್ಕೆಳೆದುಕೊಂಡು ತಿರುಗಿಸಲು ನೋಡಿದ.

"ಬಿಚ್ಚಿದ್ಯಾ?" ಎಂದಳು ಅಕ್ಕ.

ತಾನು ಆಡಿದ ಮಾತು ತನಗೇ ಆಗ ಕೇಳಿಸಿತು. "ಅಲ್ಲಕ್ಕ... ಸುಮ್ಮನೆ ಒಂದು ಸಲ..."

"ಎಷ್ಟು ಸಲ ಬಿಚ್ಚಿ ನೋಡ್ತೀಯೋ ನಮ್ಮನ್ನ?"

"ಬಿಡೇ, ಅವನ ಹೊಲ ಕಾಯ್ತಾ ಇದೆ" ಎಂದ ಭಾವ. ಸುಟ್ಟ ಬೇರಿಂಗ್ ಹೊಡೆದು ತೆಗೆದ, ಹೊಸದು ಕೂರಿಸಿದ, ಗ್ರೀಸು ತುಂಬಿದ, ನಟ್ಟನ್ನು ಬಿಗಿದು ಮತ್ತೆ ಒಂಚೂರು ಹಿಂದಕ್ಕೆ ತಿರುಗಿಸಿದ. "ಇಷ್ಟು ಆಡಬೇಕು. ಆಡದಿದ್ರೆ ಸುಟ್ಟುಹೋಗುತ್ತೆ" ಎಂದ. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅಕ್ಕ ಕೈಚೀಲ ಕೆಳಗಿಟ್ಟಿರಲಿಲ್ಲ; ತಮ್ಮನ ಬಾಯನ್ನೇ ನೋಡುತ್ತಾ ನಿಂತಿದ್ದಳು. ಪತ್ತೇದಾರನಿಗೆ ನಾಚಿಕೆಯಿಂದ ಮೈಯೆಲ್ಲ ಬೆವೆತುಹೋಯಿತು.

"ತಪ್ಪಾಯ್ತು ಭಾವ" ಎಂದ. ಎಷ್ಟೋ ವರ್ಷದಿಂದ ಬಾಕಿ ಇದ್ದ ಮಾತು ಅದು, ಮನಸಾರೆ ಬಂದದ್ದು. "ಆವತ್ತಿನದ್ದೂ ತಪ್ಪೇ."

ಅಕ್ಕನ ಮುಖ ಸಡಿಲವಾಯಿತು. "ನಡಿ ಹಾಗಾದ್ರೆ, ಹೊತ್ತಾಯ್ತು" ಎಂದು ಚಪ್ಪಲಿ ಮೆಟ್ಟಿಕೊಂಡಳು.

ಭಾವ ಮುಚ್ಚಳ ಎತ್ತಿಕೊಂಡು ಹಾಕುವುದಕ್ಕೆ ಹೋದ. ಆಗ, ದೇವರಾಣೆಗೂ ಬೇಕೆಂದು ಮಾಡಿದ್ದಲ್ಲ, ಪತ್ತೇದಾರನ ಕೈ ತಾನಾಗಿಯೇ ಮುಂದೆ ಹೋಗಿ ಭಾವನ ಮಣಿಕಟ್ಟು ಹಿಡಿಯಿತು. "ಒಂದು ನಿಮಿಷ" ಎಂದು ಬಗ್ಗಿ, ಒಂದು ಕಣ್ಣು ಕಿರಿದು ಮಾಡಿ, ಒಳಗೆ ಇಣುಕಿದ.

ಎಲ್ಲ ಸರಿಯಾಗಿತ್ತು. ತಲೆ ಎತ್ತಿದಾಗ ಅಕ್ಕ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದಳು, ಕೈಚೀಲವೂ ಅವಳ ಜೊತೆಗೇ ಹೋಯಿತು.

"ಅಕ್ಕಾ" ಎಂದು ಕೂಗಿದ.

"ಚಕ್ರ ತಗೊಂಡು ಹೋಗಪ್ಪ" ಎಂದಳು ಅವಳು ಒಳಗಿನಿಂದಲೇ. "ಬಿತ್ತನೆ ಮುಗಿದ್ರೆ ಫೋನ್ ಮಾಡೋದೇನೂ ಬೇಡ."