ಬಲಗೈಯ ವಾಕ್ಯ

ಪಕ್ಕದ ಮನೆ ಅಬ್ಬಾಸನ ಜೀಪು ಕೆಮ್ಮಿಕೊಂಡು ಹೊರಟಿತು, ಅಂದರೆ ಏಳೂವರೆ, ಹೆಗ್ಗದ್ದೆಯಿಂದ ಆಳುಗಳನ್ನು ತರಲು ಹೋಗುತ್ತಾನೆ, ಕಿಟಕಿಯಿಂದ ಕಾಫಿ ಹೂವಿನ ವಾಸನೆ, ಈ ಸಲ ಹೂಮಳೆ ಚೆನ್ನಾಗಿ ಬಿತ್ತು, ಈ ವಾಸನೆ ಮೂಗಿಗೆ ತಾಗಿದರೆ ಸಾಕು ಇವರು, ಸೊಲೊಮೋನನ ವೈಭವ ನಮ್ಮ ಹಾನುಬಾಳಿನ ಮುಂದೆ ಏನೂ ಇಲ್ಲ ಕಣೆ ಗಂಗಾ ಅನ್ನುತ್ತಿದ್ದರು — ಅನ್ನುತ್ತಿದ್ದರು ಅಂತ ಯಾಕೆ ಅಂದುಕೊಂಡೆ, ಇಲ್ಲೇ ಕುರ್ಚಿಯಲ್ಲಿ ಕೂತಿದ್ದಾರಲ್ಲ, ಗಂಜಿ ಕುಡಿಸಿಯಾಗಿದೆ, ಗಡ್ಡ ಹೆರೆದಾಗಿದೆ, ಎಡಗೈ ಬೈಬಲ್ಲಿನ ಮೇಲಿದೆ, ಬಲಗೈ ನಾನು ಎಲ್ಲಿ ಇಟ್ಟೆನೋ ಅಲ್ಲೇ ಮಡಿಲಲ್ಲಿ ಬಿದ್ದಿದೆ. ಅಕ್ಟೋಬರಿನ ಒಂದು ಭಾನುವಾರ ಚರ್ಚಿನ ಸಭೆಗೆ ಹೊರಟವರು ಷರ್ಟಿನ ಮೂರನೇ ಗುಂಡಿ ಹಾಕುವಾಗ ಕುಸಿದರು, ನಾಲ್ಕನೆಯದನ್ನು ಅವತ್ತಿನಿಂದ ನಾನೇ ಹಾಕುತ್ತಿದ್ದೇನೆ, ಇಪ್ಪತ್ತಾರು ವರ್ಷ ಉಪದೇಶಿಯಾಗಿ ಎಸ್ಟೇಟ್ ಆಳುಗಳ ಲೈನುಮನೆಗಳಲ್ಲಿ ದೇವರ ವಾಕ್ಯ ಹೇಳಿಕೊಂಡು ತಿರುಗಿದ ಮನುಷ್ಯನ ಬಾಯಿಂದ ಈಗ ಬರುವುದು ಅ, ಅ, ಅಷ್ಟೆ. ಹಾಸನದಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಹೇಳಿದಳು, ಬಾಯಿಪಾಠ ಆಗಿರೋದು ಮೊದಲು ಬರುತ್ತೆ ಆಂಟಿ, ಅರ್ಧ ನೀವು ಹೇಳಿ, ಅರ್ಧ ಅವರಿಗೆ ಬಿಡಿ, ಆರು ತಿಂಗಳೊಳಗೆ ಒಂದು ಮಾತು ಬಂದರೂ ಮುಂದಕ್ಕೆ ದಾರಿ ಇದೆ, ಬರದಿದ್ದರೆ ಕಷ್ಟ. ಬರುವ ವಾರಕ್ಕೆ ಆರು ತಿಂಗಳು. ನಿನ್ನ ಬಲಗೈ ಹಿಡಿದವನು ನಾನೇ, ಅನ್ನುತ್ತೇನೆ, ಕಾಯುತ್ತೇನೆ, ಹೆದರಬೇಡ ಅನ್ನಬೇಕು ಇವರು, ಅಷ್ಟೇ, ಒಂದೇ ಪದ, ತುಟಿ ಬಿಗಿಯುತ್ತಾರೆ, ಹೊಸ ವರ್ಷಕ್ಕೆ ಸಭೆಯಲ್ಲಿ ಬಂದ ಆ ವಾಕ್ಯದ ಕಾರ್ಡನ್ನು ಎಡಗೈಯಿಂದ ನನ್ನ ಕಡೆಗೇ ತಳ್ಳುತ್ತಾರೆ, ಎಂಬತ್ತು ದಿನದಿಂದ ಇದೇ ಹಟ, ಇಂಥ ಹಟಮಾರಿ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಗೋಡೆಯಾಚೆಯಿಂದ ಅಬ್ಬಾಸನ ಹೆಂಡತಿ ಮೆಹಬೂಬ್ ಬೀ ಪಾತ್ರೆ ತೊಳೆಯುತ್ತಾ ನಗುತ್ತಾಳೆ, ಅಕ್ಕಾ, ನಂಗೇ ಬಾಯಿಪಾಠ ಆಗ್ಬುಟ್ಟೈತೆ, ಅಣ್ಣಂಗೆ ಇನ್ನೂ ಆಗ್ಲಿಲ್ವಾ. ನಗಲಿ, ಅವತ್ತು ಇವರನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆ ತನ್ನ ತೊಡೆಯ ಮೇಲಿಟ್ಟುಕೊಂಡು ಹಾಸನದವರೆಗೆ ಬಂದವಳು ಅವಳೇ.

ಬಾಯಿಪಾಠ ನನಗೆ ಯಾವತ್ತೂ ಬರಲಿಲ್ಲ, ಮದುವೆಯಾದ ಹೊಸದರಲ್ಲಿ ಇವರು ಬೆಳಗಿನ ಕಾಫಿಗೆ ಒಂದು ವಾಕ್ಯ ಓದಿ, ಇದರಲ್ಲಿ ನಿಂಗೇನು ಸಿಕ್ತು ಹೇಳು ಅಂತ ಪರೀಕ್ಷೆ ಮಾಡುತ್ತಿದ್ದರು, ನನಗೆ ಏನೂ ಸಿಗುತ್ತಿರಲಿಲ್ಲ, ಒಲೆಯ ಮೇಲೆ ಹಾಲು ಇರುತ್ತಿತ್ತು. ಕಳೆದುಹೋದ ಒಂದು ಕುರಿ ಹುಡುಕಿಕೊಂಡು ಕುರುಬ ಹೋದದ್ದನ್ನು ಓದಿದ ದಿನ ನಾನು ಕೇಳಿದ್ದೆ, ಅಲ್ಲಾ ಕಣ್ರೀ, ಮಿಕ್ಕಿದ್ ತೊಂಬತ್ತೊಂಬತ್ತನ್ನ ಯಾರ್ ಕೈಲಿ ಬುಟ್ಟೋದ, ನಮ್ ಕಡೆ ಆಗಿದ್ರೆ ಚಿರತೆ ಬುಡ್ತಿತ್ತಾ. ಕಾಫಿ ನೆತ್ತಿಗೇರುವಷ್ಟು ನಕ್ಕರು, ಮುಂದಿನ ತಿಂಗಳು ನೋಡಿದರೆ ಅದೇ ಮಾತು ಪ್ರಸಂಗದಲ್ಲಿ, ಜನ ತಲೆದೂಗುತ್ತಿದ್ದಾರೆ, ನಾನು ಹಿಂದಿನ ಬೆಂಚಿನಲ್ಲಿ ಕೂತು ಕಳ್ಳ ಕಳ್ಳ ಅಂದುಕೊಂಡೆ. ಈಗ ಇವರ ಬೈಬಲ್ ನನ್ನ ಕೈಗೆ ಬಂದ ಮೇಲೆ ಗೊತ್ತಾಯಿತು, ಅಂಚಿನಲ್ಲೆಲ್ಲ ಪೆನ್ಸಿಲ್ಲಿನ ಇರುವೆ ಅಕ್ಷರ, ಗಂಗಾ ಕೇಳಿದ್ದು, ಗಂಗಾ ಹೇಳಿದ್ದು, ತಾರೀಖು ಸಹಿತ, ನಾನು ಈರುಳ್ಳಿ ಹೆಚ್ಚುತ್ತಾ ಅಂದ ಮಾತೂ ಇದೆ, ಒಂದು ಕಡೆ, ಇವತ್ತು ಗಂಗಾ ಅತ್ತಳು, ಈ ವಾಕ್ಯ ಅವಳಿಗೆ, ಅಂತಿದೆ — ಮಗು ನಿಲ್ಲದ ವರ್ಷ ಅದು. ಆ ಪುಟ ಓದಿ ಅವತ್ತು ಅನ್ನ ಸೀಯಿಸಿದೆ. ನನ್ನ ಜೊತೆ ಯಾರೂ ಮಾತಾಡುತ್ತಿಲ್ಲ ಎಂದು ಕೊರಗುತ್ತಿದ್ದವಳಿಗೆ ಆ ಅಂಚುಗಳೇ ಮಾತಾಡತೊಡಗಿದವು, ದಿನಕ್ಕೆ ಒಂದು ಪುಟ, ಹೆಚ್ಚು ಓದಿದರೆ ಮುಗಿದುಹೋಗುತ್ತದೆಂಬ ಭಯ.

ಆದರೆ ಈ ಕಾರ್ಡು, ಈ ಕಾರ್ಡಿನದು ಬೇರೆಯೇ ಕಥೆ, ಇದನ್ನು ಯಾರಿಗೂ ಹೇಳಿಲ್ಲ. ಹೊಸ ವರ್ಷದ ಬೆಳಗ್ಗೆ ಸಭೆಯಲ್ಲಿ ತಟ್ಟೆ ಬರುತ್ತದೆ, ಮಡಿಸಿದ ಕಾರ್ಡುಗಳು, ಒಬ್ಬೊಬ್ಬರೂ ಒಂದೊಂದು ತೆಗೆಯಬೇಕು, ಬಂದ ವಾಕ್ಯವೇ ವರ್ಷವಿಡೀ ಅವರಿಗೆ ದೇವರ ಮಾತು, ಬದಲಾಯಿಸುವ ಹಾಗಿಲ್ಲ, ಆ ತಟ್ಟೆ ಹಿಡಿಯುತ್ತಿದ್ದವರೇ ಇವರು, ಯಾರಾದರೂ ಅಯ್ಯಾ ಇನ್ನೊಂದು ತೆಗೀಲಾ ಅಂದರೆ, ಕಾಗ್ದ ಬಂದ್ಮೇಲೆ ವಿಳಾಸ ತಿದ್ದಕ್ಕಾಗಲ್ಲ ಕಣಮ್ಮ ಅನ್ನುತ್ತಿದ್ದರು. ಈ ವರ್ಷ ತಟ್ಟೆ ಇವರ ಕುರ್ಚಿಯ ಮುಂದೆ ಬಂತು, ಎಡಗೈಯಿಂದ ಒಂದು ತೆಗೆದರು, ಬಿಚ್ಚಲಾಗದೆ ನನಗೆ ಕೊಟ್ಟರು, ನೋಡುತ್ತೇನೆ, ಸುಮ್ಮನಿರು, ನಾನೇ ದೇವರೆಂದು ತಿಳಿದುಕೋ ಅಂತಿದೆ. ಸುಮ್ಮನಿರು! ಮಾತು ಕಳೆದುಕೊಂಡವರಿಗೆ ಸುಮ್ಮನಿರು ಅನ್ನುವುದೇ, ಎದೆ ಉರಿದುಹೋಯಿತು, ನನ್ನದು ಬಿಚ್ಚಿದರೆ ಬಲಗೈ ಹಿಡಿಯುವ ವಾಕ್ಯ, ಬಲಗೈ ಸತ್ತಿರುವುದು ಇವರದ್ದಲ್ಲವೇ, ದೇವರೇ ತಟ್ಟೆಯಲ್ಲಿ ಅದಲು ಬದಲು ಮಾಡಿದ್ದಾನೆ ಅಂದುಕೊಂಡೆ, ಹಾಡು ಶುರುವಾಗುತ್ತಿದ್ದಂತೆ ಸೆರಗಿನ ಮರೆಯಲ್ಲಿ ಬದಲಾಯಿಸಿಬಿಟ್ಟೆ. ಉಪದೇಶಿಯ ಹೆಂಡತಿ. ಒಂದು ವಾರ ಹೆಮ್ಮೆಯೇ ಇತ್ತು, ಆಮೇಲೆ ಇವರು ಆ ಕಾರ್ಡನ್ನು ತಳ್ಳತೊಡಗಿದರು, ದಿನ ಹೋದವು, ಈಗ ಒಂದೇ ಪ್ರಶ್ನೆ — ನನಗೆ ಬಂದದ್ದನ್ನು ಇವರ ಬಾಯಿಗೆ ತುರುಕಿದ್ದಕ್ಕೇ ಮಾತು ಬರುತ್ತಿಲ್ಲವೇ, ನಾನೇ ಬಾಯಿ ಕಟ್ಟಿದೆನೇ.

ಹೇಳಿಬಿಡುತ್ತೇನೆ, ಇವತ್ತೇ, ಬೈಯಲಾದರೂ ಬಾಯಿ ಬಿಟ್ಟಾರು. ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ ಸುಮ್ಮನಿರು ಕಾರ್ಡು ತೆಗೆದು ಬೈಬಲ್ಲಿನ ಮೇಲೆ ಇಡುತ್ತೇನೆ, ರೀ, ಇದು ನಿಮ್ದು, ಆವತ್ತು ನಾನೇ ಬದ್ಲಾಯ್ಸ್ದೆ, ನಿಮ್ಗೆ ಸುಮ್ನಿರು ಅಂತ ಬಂದಿದ್ದು ನೋಡಿ ತಡ್ಕಳಕಾಗ್ಲಿಲ್ಲ, ತಪ್ಪಾಯ್ತು — ನನ್ನ ದನಿಯೇ ನನಗೆ ಕೇಳದಷ್ಟು ಸಣ್ಣದಾಗಿದೆ, ಇವರು ಓದುತ್ತಾರೆ, ನಿಧಾನ, ಒಂದೊಂದೇ ಅಕ್ಷರ, ಭುಜ ಅಲುಗುತ್ತಿದೆ, ಅಯ್ಯೋ ಅಳುತ್ತಿದ್ದಾರೆ, ಅಲ್ಲ, ನಗುತ್ತಿದ್ದಾರೆ, ಬಾಯಿಯ ಅರ್ಧ ಮಾತ್ರ ನಗುತ್ತಿದೆ, ಕಣ್ಣು ಪೂರ್ತಿ, ನಾನು ಬದಲಾಯಿಸಿದ್ದನ್ನು ಆವತ್ತೇ ನೋಡಿದ್ದರು, ಪಕ್ಕದಲ್ಲೇ ಕೂತವರು ನೋಡದಿರುತ್ತಾರೆಯೇ, ಎಂಬತ್ತು ದಿನವೂ ತಮ್ಮದನ್ನು ತಾವು ಒಪ್ಪಿಕೊಂಡು ಕೂತಿದ್ದರು, ನನ್ನದನ್ನು ನನಗೆ ತಳ್ಳುತ್ತಿದ್ದರು, ನಾನು ಅದನ್ನು ಹಟ ಅಂದೆ, ತುಂಬಿದ ಬಕೆಟ್ಟು ಎತ್ತಿ, ಇವರನ್ನೂ ಎತ್ತಿ, ಸೋತುಹೋಗಿರುವ ಬಲಗೈ ಯಾರದೆಂದು ಇವರು ಕುರ್ಚಿಯಲ್ಲಿ ಕೂತು ನೋಡುತ್ತಲೇ ಇದ್ದರು. ಬಲಗೈಯ ಕಾರ್ಡನ್ನು ಎಡಗೈಯಿಂದ ಎತ್ತುತ್ತಾರೆ, ನನ್ನ ಅಂಗೈಯಲ್ಲಿ ಇಡುತ್ತಾರೆ, ಬೆರಳುಗಳನ್ನು ಒಂದೊಂದಾಗಿ ಮಡಿಚುತ್ತಾರೆ, ತುಟಿ ಒದ್ದಾಡುತ್ತದೆ, ಅ, ನ, ನಿ — ಗೋಡೆಯಾಚೆ ಪಾತ್ರೆಯ ಸದ್ದು ನಿಂತಿದೆ — ನಿಂದು. ನಿಂದು ಅಂದರು. ಅಂದರಲ್ಲ, ನಿಂದು ಅಂದರಲ್ಲ, ಬೈಬಲ್ಲಿನಲ್ಲಿ ಇರುವ ವಾಕ್ಯವಲ್ಲ, ನನಗೆ, ನನ್ನ ಜೊತೆ, ಓಡಿಹೋಗಿ ಮೆಹಬೂಬ್ ಬೀಗೆ ಹೇಳಬೇಕು, ಡಾಕ್ಟರಮ್ಮನಿಗೆ ಫೋನು, ಏಳಬೇಕು, ಏಳಲಾಗುತ್ತಿಲ್ಲ, ಕೈ ಬಿಡುತ್ತಿಲ್ಲ ಇವರು, ನನ್ನ ಬಲಗೈ, ಅದರ ಮೇಲೆ ಇವರ ಎಡಗೈ, ಬಿಗಿಯಾಗಿ, ನನ್ನ ಬಲಗೈ.