ಯಜಮಾನರ ಮನೆಯ ಊಟ

ದಾರ ಮೂರನೇ ಸಲವೂ ಸೂಜಿಯ ಕಣ್ಣು ತಪ್ಪಿಸಿಕೊಂಡಿತು. ಅವಳು ತುದಿಯನ್ನು ಮತ್ತೆ ಬಾಯಲ್ಲಿಟ್ಟು ಒದ್ದೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿದಳು. ಶವಪೆಟ್ಟಿಗೆಯಲ್ಲಿ ಮಲಗಿದ್ದ ಗಂಡನ ಎದೆಯ ಮೇಲೆ ಕೋಟು ಗುಡಾರದ ಹಾಗೆ ಎದ್ದು ನಿಂತಿತ್ತು. ನಾಲ್ಕು ತಿಂಗಳ ಕಾಯಿಲೆ ಅವನನ್ನು ಎರಡು ಅಳತೆ ಕಿರಿದು ಮಾಡಿತ್ತು. ಕೋಟಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ.

ಮೂವತ್ತು ವರ್ಷ ಗಂಡನ ಪಕ್ಕದ ಮೇಜಿನಲ್ಲಿ ನಿಂತು ಬಟ್ಟೆ ಕತ್ತರಿಸಿದ ಕಟಿಂಗ್ ಮಾಸ್ಟರು, ಬೆನ್ನ ಹಿಂದೆ ಎರಡು ಪಿನ್ನು ಚುಚ್ಚಿದರೆ ಸಾಕು, ಮಲಗಿದವನ ಬೆನ್ನನ್ನು ಯಾರು ನೋಡುತ್ತಾರೆ ಎಂದು ಎರಡು ಸಲ ಹೇಳಿ ನೋಡಿದ್ದರು. ಅವಳು ಒಪ್ಪಿರಲಿಲ್ಲ. ಗುಂಡಿ ತೂರುವ ಸಣ್ಣ ಸೀಳಿಗೆ ಕೈಯಲ್ಲೇ ರೇಷ್ಮೆ ದಾರ ಸುತ್ತಿ ಕಾಜಾ ಕಟ್ಟುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಅಂಗಡಿಯಲ್ಲಿ ಅವನ ಹೆಸರೇ ‘ಕಾಜಾ’ ಎಂದಾಗಿ ಹೋಗಿತ್ತು. ಅಂಥವನು ಪಿನ್ನು ಚುಚ್ಚಿಸಿಕೊಂಡು ಹೊರಡುವುದೆ?

"ಕೊಡಿ ಅತ್ತಿಗೆ ಇಲ್ಲಿ."

ನಾದಿನಿ ಬಂದಿದ್ದಳು. ಬೆಳಗಿನ ರೈಲು ಇಳಿದು ನೇರ ಬಂದವಳು, ಹೆಗಲ ಚೀಲವನ್ನು ಇನ್ನೂ ಇಳಿಸಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸಾಗಿ ಸೂಜಿಯ ಜೊತೆಗೇ ಮುದುಕಿಯಾದವಳು. ಕನ್ನಡಕವನ್ನೂ ಹುಡುಕದೆ ಒಂದೇ ಏಟಿಗೆ ದಾರ ಪೋಣಿಸಿದಳು. ಆಮೇಲೆ ಅಣ್ಣನ ಕೋಟಿನ ಅಂಚು ಹಿಡಿದು ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಪಕ್ಕೆಯ ಹೊಲಿಗೆಯನ್ನು ಒಳಕ್ಕೆ ಮಡಿಸಿ ಹೊಲಿಯತೊಡಗಿದವಳು ಇದ್ದಕ್ಕಿದ್ದ ಹಾಗೆ ನಕ್ಕಳು.

"ನೋಡಿ ಮಾಸ್ಟ್ರೆ, ಈ ಕೋಟಿಗೆ ಒಂದೇ ಕಡೆ ಕಾಜಾ. ಆ ವರ್ಷ ನಮ್ಮಿಬ್ಬರಿಗೆ ಇದ್ದ ಕೋಟಿಗೆ ಎರಡೂ ಕಡೆ ಇತ್ತು, ಗೊತ್ತಾ?"

ಮಾಸ್ಟರಿಗೆ ಗೊತ್ತಿತ್ತು. ಆ ಬೀದಿಯಲ್ಲಿ ಅದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಆದರೂ ಅವರು ಕುರ್ಚಿ ಎಳೆದುಕೊಂಡು ಕೂತರು. ಬರಿಗೈಯಲ್ಲಿ ನಿಂತಿದ್ದ ಅವಳಿಗೆ ಅನ್ನಿಸಿತು: ಗಂಡ ಇನ್ನೂ ಹೊಸಿಲು ದಾಟಿಲ್ಲ, ಆಗಲೇ ‘ಆ ವರ್ಷ’ ಬಂದು ಒಳಗೆ ಕೂತಿತಲ್ಲ.

*

ಮದುವೆಯಾದ ಮೊದಲ ವಾರವೇ ಅದು ಮನೆಗೆ ಬಂದಿತ್ತು. ನಾದಿನಿ ಊಟಕ್ಕೆ ಬಂದಳು, ಜೊತೆಗೆ ಆ ವರ್ಷವೂ ಬಂತು. ಮೂವರ ಮೇಜಿನಲ್ಲಿ ನಾಲ್ಕನೆಯವರ ಹಾಗೆ, ಎಲ್ಲರಿಗಿಂತ ಹೆಚ್ಚು ಜಾಗ ಹಿಡಿದು.

ಸಂಗತಿ ಇಷ್ಟೇ. ಅವನಿಗೆ ಇಪ್ಪತ್ತಾರು, ತಂಗಿಗೆ ಇಪ್ಪತ್ತು ಇದ್ದಾಗ ಅವನ ಗಿರಣಿ ಮುಚ್ಚಿತು. ಅಪ್ಪ ಅಮ್ಮ ಆಗಲೇ ಇರಲಿಲ್ಲ. ತಂಗಿಯ ನರ್ಸಿಂಗ್ ಓದು ಇನ್ನೊಂದು ವರ್ಷ ಬಾಕಿ ಇತ್ತು. ಇಬ್ಬರೂ ಇಸ್ತ್ರಿ ಅಂಗಡಿಯ ಮೇಲಿನ ಒಂದೇ ಕೋಣೆಗೆ ಬಂದರು. ಅವನು ಹೊಲಿಗೆ ಅಂಗಡಿಯಲ್ಲಿ ಕಾಜಾ ಲೆಕ್ಕದ ಕೂಲಿಗೆ ಸೇರಿದ. ಕಷ್ಟದ ಕತೆಯಾಗಿದ್ದರೆ ಹೊಸ ಹೆಂಡತಿ ಕಣ್ಣೀರು ಹಾಕಿ ಸಮಾಧಾನ ಹೇಳುತ್ತಿದ್ದಳು. ಅಣ್ಣ ತಂಗಿ ಅದನ್ನು ನಗುತ್ತಾ ಹೇಳುತ್ತಿದ್ದರು, ಅದೇ ತೊಂದರೆ.

ಇಬ್ಬರಿಗೂ ಸೇರಿ ಒಂದೇ ಕೋಟು. ಗಂಡಸರ ಕೋಟಿಗೆ ಒಂದು ಬದಿ ಗುಂಡಿ, ಹೆಂಗಸರದಕ್ಕೆ ಇನ್ನೊಂದು ಬದಿ. ಅದಕ್ಕೆ ಅವನು ಎರಡೂ ಅಂಚಿಗೆ ಕಾಜಾ ಕಟ್ಟಿ, ಗುಂಡಿಗಳನ್ನು ಜೋಡಿ ಜೋಡಿಯಾಗಿ ದಾರದಲ್ಲಿ ಬಿಗಿದು, ಬೇಕಾದ ಕಡೆಯಿಂದ ತೂರಿಸುವ ಹಾಗೆ ಮಾಡಿದ್ದ. ಬೆಳಗಿನ ಪಾಠ ಮುಗಿಸಿ ಅವಳು ಮೆಟ್ಟಿಲು ಹತ್ತುವಾಗ ಅವನು ಇಳಿಯುತ್ತಿದ್ದ. ನಡುಮೆಟ್ಟಿಲಲ್ಲಿ ಕೋಟು ಕೈ ಬದಲಾಗುತ್ತಿತ್ತು. ತಂಗಿಯ ಮೈ ಬಿಸಿ ಅದರಲ್ಲಿ ಅಂಗಡಿ ತಲುಪುವವರೆಗೂ ಇರುತ್ತಿತ್ತಂತೆ. ಕೋಣೆಯ ನೆಲದಲ್ಲಿ ಇಸ್ತ್ರಿ ಒಲೆಯ ನೇರಕ್ಕೆ ಇದ್ದ ಒಂದು ಹಲಗೆ ಮಾತ್ರ ಬೆಚ್ಚಗಿರುತ್ತಿತ್ತಂತೆ; ಅದಕ್ಕೆ ಸರದಿ. ಬಟ್ಟೆ ಅಳತೆಯ ಪ್ಯಾಟರ್ನ್ ರಟ್ಟಿನಲ್ಲಿ ಇಸ್ಪೀಟು ಎಲೆ ಕತ್ತರಿಸಿಕೊಂಡಿದ್ದರಂತೆ, ಅದರಲ್ಲಿ ಒಬ್ಬ ರಾಜ ಕಳೆದುಹೋಗಿ ಯಾವಾಗಲೂ ತಂಗಿಯೇ ಗೆಲ್ಲುತ್ತಿದ್ದಳಂತೆ.

ಎಲ್ಲಕ್ಕಿಂತ ಹೆಚ್ಚು ನಗು ಬರುತ್ತಿದ್ದುದು ಯಜಮಾನರ ಮನೆಯ ಊಟಕ್ಕೆ. ಹೊಲಿಗೆ ಅಂಗಡಿಯ ಯಜಮಾನರ ಹೆಂಡತಿ ಸಂಜೆ ಕೆಲಸದವರಿಗೆ ಊಟ ಹಾಕುತ್ತಿದ್ದರಂತೆ. ಅವನು ಕೋಣೆಗೆ ಬಂದವನೇ ಗೋಡೆಗೆ ಒರಗಿ, ಪ್ಯಾಂಟಿನ ಗುಂಡಿ ಬಿಚ್ಚಿ, ‘ಆ ಅಮ್ಮ ಬಿಡಲೇ ಇಲ್ಲ ಕಣೇ’ ಎಂದು ಹೊಟ್ಟೆ ಸವರಿಕೊಳ್ಳುತ್ತಾ ಆ ದಿನ ಏನೇನು ಬಡಿಸಿದರು ಎಂದು ನಟಿಸಿ ತೋರಿಸುತ್ತಿದ್ದ. ತಂಗಿ ಬಿದ್ದು ಬಿದ್ದು ನಗುತ್ತಾ ಪಾತ್ರೆಯಲ್ಲಿದ್ದ ಆಲೂಗಡ್ಡೆಯಷ್ಟನ್ನೂ ತಾನೇ ತಿನ್ನುತ್ತಿದ್ದಳು.

"ಆ ವರ್ಷ ನಮ್ಮಷ್ಟು ಸುಖವಾಗಿ ಯಾರೂ ಇರ್ಲಿಲ್ಲ ಅತ್ತಿಗೆ," ಎಂದು ನಾದಿನಿ ಪ್ರತಿ ಸಲವೂ ಕತೆ ಮುಗಿಸುತ್ತಿದ್ದಳು. ಅವನು ಹೌದೆಂದು ತಲೆಯಾಡಿಸುತ್ತಿದ್ದ. ಆ ತಲೆಯಾಟ ಹೆಂಡತಿಯ ಎದೆಗೆ ಸೂಜಿಯ ಹಾಗೆ ಇಳಿಯುತ್ತಿತ್ತು.

ಬೇರೆ ಹೆಂಗಸರು ಪಕ್ಕದ ಮನೆಯವಳ ಒಡವೆ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಾರೆ. ಇವಳಿಗೆ ಕುದಿಯಲು ಸಿಕ್ಕಿದ್ದು ಒಂದು ಬಾಡಿಗೆ ಕೋಣೆಯ ಬೆಚ್ಚನೆ ಹಲಗೆ. ಸವತಿಯೊಬ್ಬಳಿದ್ದರೆ ಜುಟ್ಟು ಹಿಡಿದು ಜಗಳವಾದರೂ ಆಡಬಹುದಿತ್ತು, ವರ್ಷಕ್ಕೆ ಜುಟ್ಟೆಲ್ಲಿ? ಒಂದು ಸಲ ಅವಳು ಬೇಕೆಂದೇ ಒಲೆ ಸರಿಯಾಗಿ ಉರಿಸದೆ, ಬರೀ ಆಲೂಗಡ್ಡೆ ಬೇಯಿಸಿಟ್ಟು, ತಾವಿಬ್ಬರೂ ನಗುವ ಹೊತ್ತಿಗಾಗಿ ಕಾದಳು. ಮೂರನೇ ದಿನ ಅವನು ಹೋಟೆಲಿನಿಂದ ಎರಡು ಪೊಟ್ಟಣ ಕಟ್ಟಿಸಿಕೊಂಡು ಬಂದು, ಅಡುಗೆ ಮಾಡಲು ಬೇಸರವಾಗಿದ್ದರೆ ಬಾಯಿ ಬಿಟ್ಟು ಹೇಳಬಾರದೆ ಎಂದು ಮೆಲ್ಲಗೆ ಕೇಳಿದ್ದ.

*

ಮಣ್ಣು ಮಾಡಿ ಬರುವಾಗ ಮಧ್ಯಾಹ್ನವಾಗಿತ್ತು. ಪಕ್ಕದ ಮನೆಯಿಂದ ತಂದ ಕುರ್ಚಿಗಳೂ ತುಂಬಿ, ಕೆಲವರು ಗೋಡೆಗೆ ಒರಗಿ ನಿಂತಿದ್ದರು. ಮೊದಲು ಎಲ್ಲರೂ ತಗ್ಗಿದ ದನಿಯಲ್ಲಿ ಕಾಯಿಲೆಯ ಬಗ್ಗೆ ಮಾತಾಡಿದರು. ಆಮೇಲೆ ಡಾಕ್ಟರ ಬಗ್ಗೆ. ಆಮೇಲೆ ಬೇರೆ ಯಾರಿಗೋ ಆದ ಕಾಯಿಲೆಯ ಬಗ್ಗೆ. ಟೀ ಬಂದ ಮೇಲೆ ನಾದಿನಿಯ ಸುತ್ತ ಕುರ್ಚಿಗಳು ತಾವೇ ತಿರುಗಿಕೊಂಡವು. ಕೋಟು ಬಂತು, ಹಲಗೆ ಬಂತು, ರಾಜನಿಲ್ಲದ ಇಸ್ಪೀಟು ಬಂತು. ಸಾವಿನ ಮನೆಯಲ್ಲಿ ನಗಬಾರದೆಂದು ತಡೆದುಕೊಂಡವರ ನಗು ಮೂಗಿನಿಂದ ಹೊರಬಂತು.

ಪಕ್ಕದ ಮನೆಯಾಕೆ ಒಳ್ಳೆಯ ಮನಸ್ಸಿನವಳು. ಟ್ರೇ ಹಿಡಿದು ನಿಂತಿದ್ದ ಇವಳ ಕಡೆ ತಿರುಗಿ, "ನೀವೂ ಒಂದು ಹೇಳಿ. ಮೂವತ್ತಾರು ವರ್ಷ ಬಾಳಿದೋರು, ನಿಮ್ಮ ಹತ್ರ ಎಷ್ಟಿರಲ್ಲ!" ಎಂದಳು.

ಎಲ್ಲರೂ ಅವಳತ್ತ ನೋಡಿದರು. ಮೂವತ್ತಾರು ವರ್ಷವನ್ನು ಅವಳು ಅವಸರವಸರವಾಗಿ ತಡಕಿದಳು. ಮೂರು ಕೋಣೆಯ ಮನೆ ಸಿಕ್ಕಿತು, ಹೊತ್ತಿಗೆ ಸರಿಯಾಗಿ ಊಟ ಸಿಕ್ಕಿತು, ಒಗೆದ ಹಾಸಿಗೆ ಸಿಕ್ಕಿತು. ಅದನ್ನೆಲ್ಲ ಯಾರಿಗೆ ಹೇಳುವುದು? ಹಿತ್ತಲ ಗಿಡ.

"ಒಂದ್ಸಲ," ಎಂದಳು, "ಅವರು ಅಂಗಡೀಲಿ ಛತ್ರಿ ಮರೆತು ಬಂದಿದ್ರು."

ಎಲ್ಲರೂ ಕಾದರು. ಕಟಿಂಗ್ ಮಾಸ್ಟರು ನಗಲು ಸಿದ್ಧರಾಗಿ ಮುಂದಕ್ಕೆ ಬಾಗಿದರು.

"ಆಮೇಲೆ?" ಎಂದಳು ನಾದಿನಿ.

"ಆಮೇಲೆ ವಾಪಸ್ ಹೋಗಿ ತಂದ್ರು."

ಯಾರೋ ಕೆಮ್ಮಿದರು. ಬಹಳ ಜವಾಬ್ದಾರಿ ಮನುಷ್ಯ ಎಂದು ಮಾಸ್ಟರು ಹೇಳಿದರು. ಅವಳು ಟ್ರೇ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ತೊಳೆದಿದ್ದ ಬಟ್ಟಲುಗಳನ್ನೇ ಮತ್ತೆ ತೊಳೆಯತೊಡಗಿದಳು.

ಅವಳ ಹತ್ತಿರ ಒಂದು ಕತೆ ಇತ್ತು. ಅದನ್ನು ಹೇಳಿದ್ದರೆ ಆ ಕೋಣೆಯಲ್ಲಿ ಇನ್ನೊಬ್ಬರ ಬಾಯಿ ತೆರೆಯುತ್ತಿರಲಿಲ್ಲ.

*

ಮದುವೆಯಾದ ಹೊಸತು. ಅಂಗಡಿ ಮುಚ್ಚುವುದು ಆರಕ್ಕೆ, ನಡೆದರೆ ಹತ್ತು ನಿಮಿಷದ ದಾರಿ, ಅವನು ಮನೆ ಸೇರುವಾಗ ಮಾತ್ರ ಏಳಾಗಿರುತ್ತಿತ್ತು. ಕೇಳಿದರೆ ‘ಹೀಗೇ’ ಎನ್ನುತ್ತಿದ್ದ. ಹೀಗೇ ಎನ್ನುವ ಗಂಡನನ್ನು ನಂಬುವಷ್ಟು ಪೆದ್ದಿ ಅವಳಲ್ಲ. ಒಂದು ಸಂಜೆ ತಲೆಗೆ ವಸ್ತ್ರ ಸುತ್ತಿಕೊಂಡು ಹಿಂದೆಯೇ ಹೋದಳು. ಹೆಣ್ಣೊಬ್ಬಳು ಬರುತ್ತಾಳೆಂದು, ಅವಳಿಗೆ ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದಳು.

ಅವನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತ. ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಅವನು ಹತ್ತಲಿಲ್ಲ, ಯಾರೂ ಇಳಿಯಲಿಲ್ಲ. ಎದುರಿನ ಗಡಿಯಾರ ನೋಡುತ್ತಾ ಸುಮ್ಮನೆ ಕೂತಿದ್ದ. ಕೊನೆಗೆ ಅವಳೇ ತಾಳ್ಮೆಗೆಟ್ಟು ಎದುರು ಹೋಗಿ ನಿಂತಳು.

ಸಿಕ್ಕಿಬಿದ್ದವನ ಹಾಗೆ ಅವನು ಜಾಗ ಸರಿಸಿ ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದ. ಆ ವರ್ಷ ಯಜಮಾನರ ಮನೆಯಲ್ಲಿ ಊಟವೆಂಬುದೇ ಇರಲಿಲ್ಲ. ನಾಲ್ಕು ಗಂಟೆಗೆ ಒಂದು ಟೀ, ಅಷ್ಟೇ. ಪಾತ್ರೆಯಲ್ಲಿದ್ದದ್ದು ಒಬ್ಬರಿಗಾಗುವಷ್ಟು, ಓದುವವಳು ತಂಗಿ. ಊಟ ಮಾಡಿ ಬಂದವನ ಹಾಗೆ ಕಾಣಬೇಕಾದರೆ ಊಟಕ್ಕೆ ಹಿಡಿಯುವಷ್ಟು ಹೊತ್ತು ಎಲ್ಲಾದರೂ ಕಳೆಯಬೇಕಲ್ಲ. ಅದಕ್ಕೆ ಈ ಬೆಂಚು. ಇಲ್ಲಿ ಕೂತೇ ಆ ದಿನದ ಅಡುಗೆ ಏನೆಂದು ಯೋಚಿಸುತ್ತಿದ್ದ. ಈಗ ಮನೆಯಲ್ಲಿ ಬಿಸಿ ಊಟ ಕಾಯುತ್ತಿದ್ದರೂ ಕಾಲು ಹಳೆಯ ಚಾಳಿ ಬಿಟ್ಟಿರಲಿಲ್ಲ.

"ಅವಳಿಗೆ ಹೇಳ್ಬೇಡ," ಎಂದಿದ್ದ. "ಆಗ ತಿಂದಿದ್ದೆಲ್ಲ ಈಗ ಅವಳಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ."

ಅವಳು ಹೇಳಲಿಲ್ಲ. ಮೂವತ್ತಾರು ವರ್ಷ ನಾದಿನಿ ಆ ಊಟದ ಕತೆ ಹೇಳಿ ನಕ್ಕಾಗಲೆಲ್ಲ ಅವಳು ನಾಲಿಗೆ ಕಚ್ಚಿ ಹಿಡಿದು, ‘ನಗು ತಾಯಿ, ನಗು’ ಎಂದುಕೊಂಡಿದ್ದಳು. ಗಂಡನಿಗೆ ಕೊಟ್ಟ ಮಾತಿನ ಮೇಲಿನ ಗೌರವ ಅದರಲ್ಲಿ ಎಷ್ಟಿತ್ತು, ಬತ್ತಳಿಕೆಯಲ್ಲಿ ಬಾಣವೊಂದಿದೆ ಎಂಬ ಸುಖ ಎಷ್ಟಿತ್ತು, ಅವಳೂ ಅಳೆಯಲು ಹೋಗಿರಲಿಲ್ಲ.

*

ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಕಟಿಂಗ್ ಮಾಸ್ಟರು ತೋಳು ಹಿಡಿದು ಒಳಗೆ ಕರೆತಂದದ್ದು ಯಜಮಾನರ ಹೆಂಡತಿಯನ್ನು. ಯಜಮಾನರು ಹೋಗಿ ಇಪ್ಪತ್ತು ವರ್ಷವಾಗಿತ್ತು. ತೊಂಬತ್ತರ ಹತ್ತಿರದ ಈ ಮುದುಕಿ ಮಗಳ ಊರಲ್ಲಿದ್ದರು. ಹಳೆಯ ಕೆಲಸದವನ ಸುದ್ದಿ ಕೇಳಿ ಬರಲೇಬೇಕೆಂದು ಹಟ ಮಾಡಿದರಂತೆ.

ನಾದಿನಿ ಎದ್ದು ಹೋಗಿ ಮುದುಕಿಯ ಕಾಲ ಬಳಿ ನೆಲದ ಮೇಲೆಯೇ ಕೂತಳು.

"ದೊಡ್ಡಮ್ಮ, ನೀವು ನನ್ನ ನೋಡಿಲ್ಲ. ಆದ್ರೆ ಆ ವರ್ಷ ನಿಮ್ಮ ಕೈ ಊಟ ಉಂಡೇ ನಮ್ಮಣ್ಣ ಬದುಕಿದ್ದು. ಒಂದ್ಸಲ ನಿಮಗೆ ಹೇಳ್ಬೇಕು ಅಂತ ನಲವತ್ತು ವರ್ಷದಿಂದ ಅಂದ್ಕೊಂಡಿದ್ದೆ."

ಅಡುಗೆಮನೆಯ ಬಾಗಿಲಲ್ಲಿ ಇವಳು ತಟ್ಟೆಗಳನ್ನು ಎದೆಗೆ ಅವಚಿಕೊಂಡು ನಿಂತಳು.

ಮುದುಕಿ ಕಣ್ಣು ಕಿರಿದು ಮಾಡಿದರು. "ಊಟಾನಾ? ನಮ್ಮನೇಲಾ?" ಸ್ವಲ್ಪ ಯೋಚಿಸಿದರು. "ನಮ್ಮ ಯಜಮಾನ್ರು ಒಂದು ಟೀ ಕೊಡೋಕೇ ಮುಖ ಸಿಂಡರಿಸೋರು ಕಣಮ್ಮ. ನಾನು ಯಾವತ್ತು..."

ನಾದಿನಿಯ ಮುಖದಲ್ಲಿ ನಗು ಹಾಗೇ ನಿಂತಿತ್ತು, ಆದರೆ ಕಣ್ಣು ಕದಲಿತು. ರೋಗಿಯ ಮುಖ ನೋಡಿಯೇ ಜ್ವರ ಹೇಳುವ ಹೆಂಗಸು ಅವಳು. ಇನ್ನೊಂದು ಮಾತು ಬಿದ್ದರೆ ಸಾಕಿತ್ತು. ಬಾಣವನ್ನು ಇವಳು ಬಿಡುವುದೂ ಬೇಡ. ಸುಮ್ಮನೆ ನಿಂತರೆ ತಾನಾಗಿಯೇ ಹೋಗಿ ನಾಟುತ್ತಿತ್ತು.

ಅವಳು ಸುಮ್ಮನೆ ನಿಂತಳು. ನಿಂತಲ್ಲೇ ಮುಂದಿನದೆಲ್ಲ ಕಂಡಿತು. ನಾದಿನಿ ಅಳುತ್ತಾಳೆ. ತಂಗಿಗಾಗಿ ವರ್ಷವಿಡೀ ಅರೆಹೊಟ್ಟೆಯಲ್ಲಿದ್ದ ಅಣ್ಣ! ಕೋಟಿನ ಕತೆ, ಹಲಗೆಯ ಕತೆ ಇದರ ಮುಂದೆ ಏನೂ ಅಲ್ಲ. ಊರೆಲ್ಲ ಇದನ್ನೇ ಹೇಳುತ್ತದೆ. ಬೆಂಚೂ ಆ ವರ್ಷಕ್ಕೇ ಸೇರುತ್ತದೆ, ಗಡಿಯಾರವೂ ಸೇರುತ್ತದೆ. ಆ ಸಂಜೆ ಅವನು ಜಾಗ ಸರಿಸಿ ಕೂರಿಸಿಕೊಂಡದ್ದು, ಪಕ್ಕದಲ್ಲಿ ಕೂತು ಕೇಳಿಸಿಕೊಂಡದ್ದು, ಎಲ್ಲ ನಾದಿನಿಯ ಪಾಲಾಗುತ್ತದೆ. ಇಡೀ ಸಂಸಾರದಲ್ಲಿ ತನ್ನದೆಂದು ಇದ್ದದ್ದು ಅದೊಂದು. ಅದನ್ನೂ ಅವಳಿಗೆ ಕೊಡುವುದೆ?

"ಮರ್ತೇಬಿಟ್ರಾ ದೊಡ್ಡಮ್ಮ?" ಎಂದು ಅವಳು ಮುಂದೆ ಬಂದಳು. "ಯಜಮಾನ್ರಿಗೆ ಗೊತ್ತಾಗಬಾರ್ದು ಅಂತ ಹಿತ್ತಲ ಬಾಗಿಲಲ್ಲಿ ಕೂರಿಸಿ ಬಡಿಸ್ತಿದ್ರಂತಲ್ಲ. ಇವರು ನನ್ನ ಹತ್ರ ಎಷ್ಟು ಸಲ ಹೇಳಿದ್ರು. ಬೇಡ ಅಂತ ತಟ್ಟೆ ಮೇಲೆ ಕೈ ಅಡ್ಡ ಇಟ್ರೆ ನೀವು ಕೈ ಮೇಲೇ ಸುರಿಯೋರಂತೆ."

ತಟ್ಟೆಗಳನ್ನು ಮೇಜಿನ ಮೇಲಿಟ್ಟು ಅವಳು ಗೋಡೆಗೆ ಒರಗಿದಳು. ಅವನ ಹಾಗೆಯೇ ಉಸಿರು ಬಿಟ್ಟಳು, ಅವನ ಹಾಗೆಯೇ ಹೊಟ್ಟೆ ಸವರಿಕೊಂಡಳು. ‘ಆ ಅಮ್ಮ ಬಿಡಲೇ ಇಲ್ಲ’ ಎನ್ನುವಾಗ ಅವನು ಕೊಡುತ್ತಿದ್ದ ಬಿಡುವನ್ನೂ ಕೊಟ್ಟಳು. ಕೋಣೆಗೆ ಕೋಣೆಯೇ ನಕ್ಕಿತು. ನಾದಿನಿ ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, "ಅಣ್ಣಾನೇ ಬಂದ ಹಾಗಾಯ್ತು ಅತ್ತಿಗೆ," ಎಂದಳು. ಆ ಒಂದು ಗಳಿಗೆ ಇವಳ ಮೈಯಲ್ಲಿ ಬೆಚ್ಚಗೆ ಏನೋ ಹರಿದು ಹೋಯಿತು.

"ಹಿತ್ತಲ ಬಾಗಿಲಲ್ಲಿ," ಎಂದರು ಮುದುಕಿ ನಿಧಾನವಾಗಿ.

ನಗು ತಗ್ಗಿತು.

"ಹೌದು. ಅವರಿಗೆ ಗೊತ್ತಾಗಬಾರ್ದಲ್ಲ." ಸುಕ್ಕುಗಟ್ಟಿದ ಮುಖ ಮೆಲ್ಲಗೆ ಅರಳಿತು. "ತೆಳ್ಳಗಿದ್ದ ಪಾಪ. ಆಲೂಗಡ್ಡೆಗೆ ಮೊಟ್ಟೆ ಒಡೆದು ಹಾಕ್ತಿದ್ದೆ. ಮೇಲೆ ಬೆಣ್ಣೆ."

"ಬೆಣ್ಣೇನೂ ಇತ್ತಾ?" ಎಂದಳು ನಾದಿನಿ. "ಕಳ್ಳ, ನಂಗೆ ಬೆಣ್ಣೆ ವಿಷ್ಯ ಹೇಳೇ ಇಲ್ಲ."

ಮಾಸ್ಟರು ಕುರ್ಚಿಯನ್ನು ಮುದುಕಿಯ ಕಡೆ ತಿರುಗಿಸಿದರು. ಪಕ್ಕದ ಮನೆಯಾಕೆಯೂ ತಿರುಗಿಸಿದಳು. ನಾದಿನಿ ಮುದುಕಿಯ ಮಡಿಲಿಗೆ ಕೆನ್ನೆ ಒತ್ತಿದಳು. ಆ ವರ್ಷದೊಳಕ್ಕೆ ಹೊಸದಾಗಿ ಇನ್ನೊಬ್ಬರು ಹೋಗಿ ಕೂತಾಗಿತ್ತು. ಬಾಗಿಲು ತೆಗೆದು ಒಳಗೆ ಬಿಟ್ಟವಳು ತಾನೇ, ತಾನು ಮಾತ್ರ ಹೊರಗೆ. ಅವಳ ಹೊಟ್ಟೆಯಲ್ಲಿ ಹಳೆಯ ಉರಿ ಹೊಸ ಕಟ್ಟಿಗೆ ಸಿಕ್ಕಂತೆ ಎದ್ದಿತು.

"ಸಣ್ಣ ಪಾತ್ರೆ ಅಲ್ಲಮ್ಮ ಅದು," ಎನ್ನುತ್ತಿದ್ದರು ಮುದುಕಿ. "ಇಷ್ಟು ಇತ್ತು."

ನಡುಗುವ ಎರಡು ಕೈಗಳನ್ನು ಎತ್ತಿ ಅಳತೆ ತೋರಿಸಿದರು. ಸಾಲದೆಂದು ಕಂಡಿತೇನೋ, ಇನ್ನಷ್ಟು ಅಗಲಿಸಿದರು. ಎಲ್ಲರೂ ಮುಂದಕ್ಕೆ ಬಾಗಿ, ಆ ಎರಡು ಅಂಗೈಗಳ ನಡುವೆ ಏನೂ ಇಲ್ಲದ ಕಡೆ, ಆಸೆಯಿಂದ ನೋಡಿದರು. ಅವಳೂ ಕತ್ತು ಉದ್ದ ಮಾಡಿ ನೋಡಿದಳು.