ಎಡಗಡೆಯ ಎರಡು ಬೋಲ್ಟು

ನನ್ನ ಅಪ್ಪ ಮತ್ತು ನನ್ನ ಗಂಡ ಒಬ್ಬರಿಗೊಬ್ಬರು ಕೊಡುವ ಮರ್ಯಾದೆಯಲ್ಲಿ ಕಾಲುಭಾಗವನ್ನು ನನಗೆ ಕೊಟ್ಟಿದ್ದರೂ ನಾನು ಈ ವೇಳೆಗೆ ಉದ್ಧಾರವಾಗಿರುತ್ತಿದ್ದೆ. ಅಪ್ಪ ಹುಬ್ಬಳ್ಳಿಯಿಂದ ಈ ಪರದೇಶಕ್ಕೆ, ಗಿರಾವೀನಿನ ನಮ್ಮ ಮನೆಗೆ ಬಂದು ಆರು ವಾರವಾಗಿತ್ತು. ಅಷ್ಟು ದಿನದಲ್ಲಿ ಮಾವ ಅಳಿಯನ ನಡುವೆ ನೇರವಾಗಿ ನಡೆದ ಮಾತೆಂದರೆ ‘ಆರಾಮ್ ಅದೀರಿ?’ ಮತ್ತು ‘ಊಟ ಆಯ್ತಾ ಮಾವ?’ ಅಷ್ಟೇ. ಉಳಿದದ್ದೆಲ್ಲ ನನ್ನ ಮೂಲಕ ಹೋಗಿಬರುತ್ತಿತ್ತು. ಒಂದೇ ಸೋಫಾದ ಎರಡು ತುದಿಯಲ್ಲಿ ಕೂತು, “ಆರತಿ, ಅಳಿಯಂದ್ರಿಗೆ ಫ್ಯಾನ್ ಬೇಕೇನು ಕೇಳು” ಎಂದು ಅಪ್ಪ. “ನಂಗೆ ಬೇಡ, ಮಾವಂಗೆ ಬೇಕಿದ್ರೆ ಹಾಕು” ಎಂದು ಶಶಿಧರ. ನಾನು ಅಡುಗೆಮನೆಯಿಂದ ಅಲುಗಾಡುತ್ತಿರಲಿಲ್ಲ. ಇಬ್ಬರೂ ಬೆವರುತ್ತ ಕೂರುತ್ತಿದ್ದರು.

ಶಶಿ ತುಮಕೂರಿನವನು, ಇಲ್ಲಿ ಬ್ಯಾಂಕೊಂದರ ಐಟಿ ವಿಭಾಗದಲ್ಲಿದ್ದಾನೆ. ಒಳ್ಳೆಯವನು. ಒಳ್ಳೆಯತನವೇ ಅವನ ಕಾಯಿಲೆ. ಅಪ್ಪ ಕಸದ ಬಿನ್ ಹೊರಗಿಡಲು ಹೋದರೆ ಬರಿಗಾಲಲ್ಲಿ ಓಡಿಹೋಗಿ ಕಿತ್ತುಕೊಳ್ಳುತ್ತಾನೆ. ಕುಡಿದ ಲೋಟ ತೊಳೆಯಲು ನಿಂತರೆ ನಲ್ಲಿಯನ್ನೇ ಬಂದ್ ಮಾಡುತ್ತಾನೆ. ಅಪ್ಪ ಮಡಿವಾಳಪ್ಪ ಮೂವತ್ತನಾಲ್ಕು ವರ್ಷ ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ರಿಟೈರ್ ಆದಮೇಲೂ ಗೆಳೆಯನ ಗ್ಯಾರೇಜಿನಲ್ಲಿ ದಿನಾ ನಾಲ್ಕು ತಾಸು ಕೈ ಕಪ್ಪು ಮಾಡಿಕೊಂಡು ಬರುವವನು. ಅಂಥವನನ್ನು ನಾವು ಶೋಕೇಸಿನ ಬೊಂಬೆ ಮಾಡಿ ಕೂರಿಸಿದ್ದೆವು.

ಒಂದು ಸಂಜೆ ಅವನು ಹಿತ್ತಲಲ್ಲಿ ನಿಂತು ಟಿಕೆಟ್ ಏಜೆಂಟ್ ದ್ಯಾಮಣ್ಣನಿಗೆ ಫೋನ್ ಮಾಡುತ್ತಿದ್ದದ್ದು ನನ್ನ ಕಿವಿಗೆ ಬಿತ್ತು.

“ಆರು ತಿಂಗಳಂತ ಮಾಡ್ಸೀನಿ ಖರೇ, ಮುಂಚೆ ಏನರ ಸಿಗತೈತೇನು ನೋಡು. ಇಲ್ಲೇನೈತ್ಯೋ, ಉಣ್ಣೂದು ಕುಂದರೂದು. ಕೈಯಾಗ ಏನೂ ಇಲ್ಲಂದ್ರ ಮನಷ್ಯಾ ಹೆಂಗ ಇರ್ಬೇಕು?”

ಹದಿಮೂರು ವರ್ಷದಿಂದ ಅವನನ್ನು ಕರೆಯುತ್ತಿದ್ದೆ. ಅವ್ವ ನನ್ನ ಮನೆ ನೋಡದೆಯೇ ಹೋದಳು. ಅಪ್ಪನ ಆರು ತಿಂಗಳಲ್ಲಿ ಒಂದು ದಿನವನ್ನೂ ನಾನು ಯಾರಿಗೂ ಬಿಟ್ಟುಕೊಡುವವಳಲ್ಲ ಎಂದುಕೊಂಡೆ. ಆದರೆ ಕೈಕಟ್ಟಿ ಕೂರಿಸಿದವಳೂ ನಾನೇ ಅಲ್ಲವೇ.

ಅದೇ ಹೊತ್ತಿಗೆ ಶಶಿಗೆ ಟೋಬಾರ್ ಹುಚ್ಚು ಹಿಡಿದಿತ್ತು. ಟೋಬಾರ್ ಎಂದರೆ ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸಲು ಹಾಕಿಸುವ ಕಬ್ಬಿಣದ ತೊಲೆ. ಅಪ್ಪ ಅದನ್ನು ‘ಕೊಂಡಿ’ ಎಂದ. ಹುಚ್ಚಿಗೆ ನೆಪ ನಮ್ಮ ಮಗಳು ಆದ್ಯಾಳ ಎರಡಂತಸ್ತಿನ ಬಂಕ್ ಮಂಚ. ಹನ್ನೊಂದು ತುಂಬಿದ ಹುಡುಗಿಗೆ ಅದು ಬೇಡವಾಗಿತ್ತು. ಮೆಲ್ಬರ್ನಿನ ವೆರಿಬೀಯಲ್ಲಿರುವ ಶಶಿಯ ತಂಗಿ ಶರ್ಮಿಳಾಳ ಅವಳಿ ಮಕ್ಕಳಿಗೆ ಬೇಕಾಗಿತ್ತು. ಅಲ್ಲೇ ಒಂದು ಹೊಸದು ಕೊಡಿಸಿದರೆ ಮುಗಿಯುತ್ತಿತ್ತು. ಆದರೆ ನಮ್ಮ ಬೀದಿಯ ಪ್ರತಿ ಗಾಡಿಯ ಹಿಂದೆಯೂ ಆ ತೊಲೆಯ ತುದಿಯ ಕಬ್ಬಿಣದ ಗುಂಡು ಇರುವುದನ್ನು ಶಶಿ ವರ್ಷಗಟ್ಟಲೆ ಆಸೆಯಿಂದ ನೋಡಿದವನು. ನಮ್ಮ ಬಿಳಿ ವ್ಯಾಗನ್‌ಗೂ ಒಂದು ಬೇಕು, ಅದಿದ್ದರೇ ಈ ದೇಶದಲ್ಲಿ ನೆಲೆ ನಿಂತಂತೆ ಎಂಬುದು ಅವನ ಲೆಕ್ಕ.

ಮೂರು ವಾರ ಲ್ಯಾಪ್‌ಟಾಪಿನಲ್ಲಿ ಪಟ್ಟಿ ಬೆಳೆಯಿತು. ಸಾವಿರದ ಇನ್ನೂರು ಕಿಲೋ ಎಳೆಯುವುದು, ಸಾವಿರದ ಐನೂರು ಎಳೆಯುವುದು, ಎರಡು ಸಾವಿರ ಎಳೆಯುವುದು. ಮಂಚದ ತೂಕ ತೊಂಬತ್ತು ಕಿಲೋ. ಶಶಿಗೆ ಎರಡು ಸಾವಿರದ್ದೇ ಬೇಕು.

ಅಪ್ಪ ಒಂದು ಮಧ್ಯಾಹ್ನ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ತಳವನ್ನೆಲ್ಲ ಬಗ್ಗಿ ನೋಡಿ ಬಂದು ನನಗೆ ಹೇಳಿದ: “ಕೊಂಡಿ ಎಷ್ಟು ಎಳೀತೈತಿ ಅನ್ನೂದಲ್ಲ, ಗಾಡಿ ಎಷ್ಟು ಎಳೀತೈತಿ ಅನ್ನೂದು ನೋಡ್ಬೇಕು. ಅಳಿಯಂದ್ರಿಗೆ ನಾ ಹೇಳೀನಂತ ಹೇಳಬ್ಯಾಡ.”

“ನೀನ ಹೇಳು. ಇಲ್ಲೇ ಕುಂತಾರಲ್ಲ.”

“ಛೆ, ಛೆ. ಅಳಿಯಗ ತಪ್ಪು ತೋರಿಸೂದು ಚಂದ ಅಲ್ಲ.”

ಕಾರಿನ ಪುಸ್ತಕ ತೆಗೆದು ನೋಡಿದರೆ ನಮ್ಮ ಗಾಡಿಯ ಮಿತಿ ಸಾವಿರದ ಐನೂರು. ಅಪ್ಪನ ಹೆಸರೆತ್ತದೆ, ನಾನೇ ಪುಸ್ತಕ ಓದುವಾಗ ಕಂಡೆನೆಂದು ಸುಳ್ಳು ಪೋಣಿಸಿ ಶಶಿಯನ್ನು ಸಾವಿರದ ಐನೂರಕ್ಕೆ ಇಳಿಸಿದೆ. ಸಾಮಾನು ಬಂತು. ಪಕ್ಕದ ಟೂಂಗಾಬಿಯ ಒಬ್ಬ ಮೆಕ್ಯಾನಿಕ್ ಹತ್ತಿರ ಹಾಕಿಸಲು ಶಶಿ ಬುಕ್ ಮಾಡಿದ್ದ. ನಾನು ಅವನನ್ನು ಕೇಳದೆ ಅದನ್ನು ಕ್ಯಾನ್ಸಲ್ ಮಾಡಿ, ಆಮೇಲೆ ತಿಳಿಸಿದೆ.

“ಮಾವನ ಕೈಲಿ ಕೆಲ್ಸ ಮಾಡ್ಸೋದಾ? ಜನ ಏನಂದ್ಕೋತಾರೆ?”

“ಯಾವ ಜನ? ಎದುರುಮನೆ ಲೆಬನೀಸ್ ಅಜ್ಜಿನಾ?”

ಶನಿವಾರ ಬೆಳಿಗ್ಗೆ ಅಪ್ಪ ಶಶಿಯ ಹಳೇ ಟೀ ಶರ್ಟ್ ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿ, ಡ್ರೈವ್‌ವೇನಲ್ಲಿ ರಟ್ಟು ಹಾಸಿ ಅಂಗಾತ ಮಲಗಿ ಕಾರಿನಡಿ ಸರಿದ. ಆರು ವಾರದಲ್ಲಿ ಮೊದಲ ಸಲ ಅವನ ದನಿ ಗಟ್ಟಿಯಾಯಿತು. “ಹದಿನೇಳರ ಪಾನಾ ಕೊಡವಾ ಆದ್ಯಾ!” ಆದ್ಯಾ ಸ್ಪ್ಯಾನರ್ ಹುಡುಕಿ ಕೊಟ್ಟು, “ಅಜ್ಜಾ, ದಿಸ್ ಒನ್?” ಎನ್ನುವಳು. “ಹೂಂ, ಶಾಣ್ಯಾಕಿ ಅದೀ!” ಬಂಪರ್ ಕಳಚಿ ಹುಲ್ಲಿನ ಮೇಲೆ ಬಂತು. ಮಾವನೂ ಅಳಿಯನೂ ಆ ಕಡೆ ಈ ಕಡೆ ಹಿಡಿದು ತೊಲೆಯನ್ನು ಎತ್ತಿ ಕೂರಿಸಿದರು. ಆರು ಬೋಲ್ಟು. ಬಲಗಡೆಯ ಮೂರು ಸಲೀಸಾಗಿ ಹೋದವು. ಎಡಗಡೆ ಸೈಲೆನ್ಸರ್ ಅಡ್ಡ ಇದ್ದದ್ದರಿಂದ ಅಪ್ಪ ಎಡಗೈಯಿಂದಲೇ ಎಳೆದು ಬಿಗಿದ.

ಶಶಿ ಪಕ್ಕದ ಮನೆಯಿಂದ ಟಾರ್ಕ್ ರೆಂಚ್ ತಂದಿದ್ದ. ಬೋಲ್ಟು ಬೇಕಾದಷ್ಟು ಬಿಗಿಯಾದ ಕೂಡಲೇ ಅದು ‘ಟಕ್’ ಅನ್ನುತ್ತದೆ. ಅಪ್ಪ ಅದನ್ನು ನೋಡಿ ನನ್ನ ಕಡೆ ತಿರುಗಿ, “ಮೂವತ್ನಾಕು ವರ್ಷ ಬಸ್ಸಿನ ಗಾಲಿ ಬಿಗದೀನಿ, ಒಂದರ ಬಿಚ್ಚಿ ಬಿದ್ದೈತೇನು ಕೇಳು” ಎಂದ. ಶಶಿ ನಾಚಿ ರೆಂಚನ್ನು ಗ್ಯಾರೇಜಿನೊಳಗೆ ಇಟ್ಟುಬಿಟ್ಟ. ಅವತ್ತು ಅಪ್ಪ ನಾಲ್ಕು ರೊಟ್ಟಿ ತಿಂದ. ದ್ಯಾಮಣ್ಣನ ಸುದ್ದಿಯೇ ಇಲ್ಲ. ನಾನು ಗೆದ್ದೆ ಎಂದುಕೊಂಡೆ.

ಮಾರನೇ ಬೆಳಿಗ್ಗೆ ಅಪ್ಪ ಮೆಂತ್ಯದ ಸೊಪ್ಪು ತರಲು ನಡೆದುಕೊಂಡು ಟೂಂಗಾಬಿಗೆ ಹೋದ. ಅವನು ತಿರುವು ದಾಟುವುದನ್ನೇ ಕಾಯುತ್ತಿದ್ದ ಶಶಿ ಟಾರ್ಕ್ ರೆಂಚ್ ಹಿಡಿದು ಕಾರಿನಡಿ ನುಸುಳಿದ. ನಾನು ಬಾಗಿಲಲ್ಲಿ ನಿಂತು ಕೇಳಿದೆ. ಟಕ್. ಟಕ್. ಟಕ್. ಟಕ್. ಐದನೆಯದು ಟಕ್ ಅನ್ನಲಿಲ್ಲ, ತಿರುಗಿತು. ಅರ್ಧ ಸುತ್ತು ಹೋಗಿ ಆಮೇಲೆ ಅಂದಿತು. ಆರನೆಯದೂ ಹಾಗೆಯೇ.

ಶಶಿ ಹೊರಬಂದು ಪ್ಯಾಂಟ್ ಕೊಡವಿಕೊಳ್ಳುವಾಗ ಅಪ್ಪ ಗೇಟಿನಲ್ಲಿ ನಿಂತಿದ್ದ. ಕನ್ನಡಕ ಮರೆತು ಅರ್ಧ ದಾರಿಯಿಂದ ತಿರುಗಿ ಬಂದಿದ್ದನಂತೆ. ಎಷ್ಟು ಹೊತ್ತಿನಿಂದ ನಿಂತಿದ್ದನೋ ಗೊತ್ತಿಲ್ಲ. ಶಶಿ, “ಏನಿಲ್ಲ ಮಾವ, ಸುಮ್ನೆ ಧೂಳು ಒರೆಸ್ತಿದ್ದೆ” ಎಂದ. ಅಪ್ಪ, “ಹೌದ್ರಿ, ಧೂಳು ಭಾಳ ಐತಿ” ಎಂದು ಒಳಗೆ ಹೋದ.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡುತ್ತ ಹೇಳಿದ: “ಆರತಿ, ದ್ಯಾಮಣ್ಣನ ಕೂಡ ಮಾತಾಡೀನಿ. ಈ ಬುಧವಾರ ಬಿಟ್ಟು ಮುಂದಿನ ಬುಧವಾರ ಸೀಟ್ ಐತಂತ. ಶನಿವಾರದೊಳಗ ಹೂಂ ಅನ್ನಬೇಕು. ಹೊಂಟುಬಿಡ್ತೀನಿ.”

“ಮಾವ ಯಾಕೆ ಹೊರಟ್ರು ಅಂತ ಕೇಳು” ಎಂದ ಶಶಿ, ನನಗೆ.

ನನಗೆ ತಲೆ ಕೆಟ್ಟುಹೋಯಿತು. ಕೈಯಲ್ಲಿದ್ದ ಸೌಟನ್ನು ಮೇಜಿನ ಮೇಲೆ ಕುಕ್ಕಿದೆ.

“ನಾನೇನು ಇಬ್ಬರ ನಡುವಿನ ಟಪಾಲಿನವಳಾ? ಶಶಿ, ನೀನು ಎರಡು ಬೋಲ್ಟು ಸಡಿಲ ಇದ್ದದ್ದು ನೋಡಿ ಧೂಳು ಅಂದೆ. ಅಪ್ಪಾ, ನೀನು ಅದನ್ನ ನೋಡಿ ಹೌದ್ರಿ ಅಂದಿ. ಇದೇ ಕೊಂಡಿ ಹಿಂದ ಕಟ್ಕೊಂಡು ನನ್ನ ಮಗಳನ್ನ ಒಂಬೈನೂರು ಕಿಲೋಮೀಟರ್ ಕರ್ಕೊಂಡು ಹೋಗ್ಬೇಕು. ನಿಮ್ಮ ಮರ್ಯಾದಿಗೆ ಬೆಂಕಿ ಹಾಕ!”

ಅಪ್ಪನ ಎದುರು ಶಶಿಯನ್ನು ಯಾವತ್ತೂ ‘ರೀ’ ಎನ್ನುತ್ತಿದ್ದವಳು ಅವತ್ತು ಏಕವಚನಕ್ಕಿಳಿದಿದ್ದೆ. ಅಪ್ಪ ಅದನ್ನೂ ಗಮನಿಸಲಿಲ್ಲ. ತನ್ನ ಎಡಗೈಯನ್ನು ನೋಡಿಕೊಂಡ.

“ಅಳಿಯಂದ್ರು ನೋಡಿದ್ರಂತ ಸಿಟ್ಟಿಲ್ಲವಾ. ನೋಡಿದ್ದ ಚಲೋ ಆತು. ಕೈಯಾಗ ಮೊದಲಿನ ಕಸುವಿಲ್ಲ, ನನಗ ಗೊತ್ತಾಗಲಿಲ್ಲ.” ಒಂದು ತುತ್ತು ಕಲಸಿದ. “ಡಿಪೋದಾಗ ಹಿಂಗ ಸಡ್ಲ ಸಿಕ್ಕರ ಇನ್‌ಸ್ಪೆಕ್ಟರ್ ಇಡೀ ಯಾರ್ಡಿಗೆ ಕೇಳೂಹಂಗ ಹೆಸರು ಹಿಡದು ಒದರತಿದ್ದ. ಓಡಿ ಹೋಗಿ ಬಿಗೀತಿದ್ವಿ. ಯಾರಿಗೆ ಒದರತಿದ್ದಿಲ್ಲ ಗೊತ್ತೈತೇನು? ಇನ್ನ ಇವನ ಕೈಲಿ ಆಗಂಗಿಲ್ಲ ಅಂತ ಕೈಬಿಟ್ಟವಗ. ಅವನ ಕೆಲಸ ಹಿಂದಿಂದ ಬ್ಯಾರೆಯವ್ರು ಸರಿ ಮಾಡಿ ಸುಮ್ನ ಇರತಿದ್ರು.”

ಶಶಿ ಅರ್ಧ ಊಟ ಬಿಟ್ಟು ಎದ್ದು, ಕೈ ತೊಳೆದು, ಹೊರಗೆ ಹೋದ. ಅತ್ತುಬಿಟ್ಟನೇನೋ ಎಂದು ನನಗೆ ಗಾಬರಿ. ಐದು ನಿಮಿಷವಾಯಿತು. ಆಮೇಲೆ ಡ್ರೈವ್‌ವೇನಿಂದ ಒಂದು ದನಿ ಬಂತು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಆ ದನಿಯನ್ನು ನಾನು ಕೇಳಿರಲಿಲ್ಲ.

“ಮಡಿವಾಳಪ್ಪಾ!”

ಎದುರುಮನೆಯ ಅಜ್ಜಿಯ ನಾಯಿ ಬೊಗಳಿತು.

“ಮಡಿವಾಳಪ್ಪಾ! ಎಡಗಡೆ ಎರಡು ಬೋಲ್ಟು ಸಡ್ಲ ಬಿಟ್ಟಿದೀರಿ! ಏನು ಕೆಲ್ಸ ಇದು? ಬನ್ನಿ ಇಲ್ಲಿ!” ಅಷ್ಟು ಹೇಳಿ ಧೈರ್ಯ ಮುಗಿದುಹೋಗಿ, ಸಣ್ಣಗೆ, “…ಮಾವ” ಎಂದು ಸೇರಿಸಿದ.

ಅಪ್ಪ ಎದ್ದು ನಿಂತುಬಿಟ್ಟಿದ್ದ. ಬಾಯಲ್ಲಿ ತುತ್ತು ಇತ್ತು. “ಬಂದೆ ಸಾಹೇಬ್ರ!” ಎಂದವನೇ ತೊಳೆಯದ ಕೈಯಲ್ಲಿಯೇ ಓಡಿದ. ಶಶಿ ತಾನು ಬೆಳಿಗ್ಗೆ ಬಿಗಿದ ಎರಡೂ ಬೋಲ್ಟುಗಳನ್ನು ಮತ್ತೆ ಸಡಿಲಿಸಿ, ಟಾರ್ಕ್ ರೆಂಚ್ ಕೈಯಲ್ಲಿ ಹಿಡಿದು ನಿಂತಿದ್ದ. ಮುಖ ಕೆಂಪಾಗಿತ್ತು. ಅಪ್ಪ ಅದನ್ನು ಇಸಿದುಕೊಂಡು, ತಿರುವಿ ನೋಡಿ, ಕಾರಿನಡಿ ಹೋದ. ಎರಡೂ ಕೈ ಹಾಕಿ ಎಳೆದ. ಟಕ್. ಇನ್ನೊಂದು, ಟಕ್. ಆಮೇಲೆ ಉಳಿದ ನಾಲ್ಕನ್ನೂ ತಾನೇ ನೋಡಿದ. ನಾನು ಬಾಗಿಲ ಮರೆಯಲ್ಲಿ ನಿಂತು ನನ್ನ ಗಂಡನನ್ನು ನೋಡಿದೆ. ಅಷ್ಟು ಪ್ರೀತಿ ನನಗೆ ಮದುವೆಯ ದಿನವೂ ಬಂದಿರಲಿಲ್ಲ.

ಆದರೆ ಅಪ್ಪ ಟಿಕೆಟ್ಟಿನ ಬಗ್ಗೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ‘ಹೊಂಟೀನಿ’ ಎಂದುಬಿಟ್ಟಾನೆಂಬ ಭಯ.

ಶುಕ್ರವಾರ ನಸುಕಿನಲ್ಲಿ ಬಾಡಿಗೆ ಟ್ರೇಲರ್ ಕಟ್ಟಿ, ಮಂಚ ಹೇರಿ ಹೊರಟೆವು. ಅಪ್ಪ ಶಶಿಯ ಪಕ್ಕ ಮುಂದಿನ ಸೀಟಿನಲ್ಲಿ. ಗೋಲ್ಬರ್ನ್, ಗುಂಡಗಾಯ್, ಆಲ್ಬರಿ, ನಿಂತಲ್ಲೆಲ್ಲ ಇಬ್ಬರೂ ಇಳಿದು ಹಿಂದೆ ಹೋಗಿ ಬಗ್ಗುವರು. ಗುಂಡಗಾಯ್ ದಾಟಿದ ಮೇಲೆ ಟೈರಿನ ಗಾಳಿ ಎಷ್ಟಿರಬೇಕೆಂದು ಇಬ್ಬರಿಗೂ ವಾದ ಹತ್ತಿತು. “ಅಷ್ಟು ಗಾಳಿ ಹಾಕಿದ್ರೆ ಹಾರುತ್ತೆ ಮಾವ!” “ಹಾರಂಗಿಲ್ರಿ, ನಾ ಹೇಳ್ತೀನಿ ಕೇಳ್ರಿ!” ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಆದ್ಯಾಳ ಹೆಗಲಿಗೆ ಒರಗಿ ಆಲ್ಬರಿಯವರೆಗೆ ಗಡದ್ದಾಗಿ ನಿದ್ದೆ ಹೊಡೆದೆ.

ರಾತ್ರಿ ಆಲ್ಬರಿಯಲ್ಲೇ ತಂಗಿ, ಶನಿವಾರ ಮಧ್ಯಾಹ್ನ ವೆರಿಬೀಯಲ್ಲಿ ಶರ್ಮಿಳಾಳ ಮನೆಯ ಮುಂದೆ ಮಂಚ ಇಳಿಸಿದ್ದಾಯಿತು. ಅವಳಿಗಳು ಆಗಲೇ ಮೇಲಿನ ಹಾಸಿಗೆಗೆ ಜಗಳ ಶುರುಮಾಡಿದ್ದವು. ಶರ್ಮಿಳಾ ಬೀಗರ ಉಪಚಾರಕ್ಕೆ ಹೊಸ ಬೆಡ್‌ಶೀಟ್ ಹಾಸಿ, ಶಾವಿಗೆ ಪಾಯಸ ಕಾಸಿ, ಅಪ್ಪನನ್ನು ಕರೆಯಲು ಅಂಗಳಕ್ಕೆ ಬಂದಳು. ಅಷ್ಟರಲ್ಲಿ ಟ್ರೇಲರಿನ ಹತ್ತಿರದಿಂದ ಅಪ್ಪನ ಗರ್ಜನೆ:

“ಶಶಿಧರಾ!”

ಶರ್ಮಿಳಾಳ ಕೈಯಲ್ಲಿದ್ದ ಬಟ್ಟಲು ವಾಲಿತು. ಮಾವ ಅಳಿಯನನ್ನು ಬರೀ ಹೆಸರು ಹಿಡಿದು ಕರೆಯುವುದನ್ನು ಅವಳ ತುಮಕೂರು ಕಂಡಿರಲಿಲ್ಲ.

“ಟ್ರೇಲರ್ ಲೈಟಿನ ವೈರ್ ಮ್ಯಾಲ ಕಟ್ಟಬೇಕಂತ ಗೊತ್ತಾಗಂಗಿಲ್ಲೇನು? ಆಲ್ಬರಿಯಿಂದ ಇಲ್ಲಿತನಕ ರೋಡಿಗೆ ತಿಕ್ಕಿ ಅರ್ಧ ಸವದೈತಿ ನೋಡು! ಯಾರು ಕಲಿಸ್ಯಾರ ನಿನಗ ಕೆಲಸ?”

ಶಶಿ ಚಹಾದ ಕಪ್ಪು ಕಾಂಪೌಂಡಿನ ಮೇಲಿಟ್ಟು ಓಡಿದ. ಬೈಸಿಕೊಳ್ಳಲು ಅಷ್ಟು ಖುಷಿಯಿಂದ ಓಡುವ ಮನುಷ್ಯನನ್ನು ನಾನು ಕಂಡಿಲ್ಲ. “ಅತ್ತಿಗೆ, ಏನಾಯ್ತು? ಜಗಳಾನಾ?” ಎಂದು ಶರ್ಮಿಳಾ ಪಿಸುಗುಟ್ಟಿದಳು. “ಇಲ್ಲ ಕಣೆ, ಈಗ ಎಲ್ಲ ಸರಿ ಇದೆ” ಎಂದೆ.

ಆಗ ನನ್ನ ಕೈಯಲ್ಲಿದ್ದ ಅಪ್ಪನ ಫೋನ್ ಹೊಡೆದುಕೊಂಡಿತು. ದ್ಯಾಮಣ್ಣ.

“ಅಕ್ಕಾರ, ಬುಧವಾರದ ಸೀಟ್ ಹಿಡದಿಟ್ಟೀನಿ. ಹೂಂ ಅಂತಾರೇನು ಕೇಳ್ರಿ, ಇವತ್ತ ಕಡೀ ದಿನ.”

ಫೋನ್ ಹಿಡಿದು ಕಾರಿನ ಹಿಂದೆ ಹೋದೆ. ಇಬ್ಬರೂ ಅಂಗಾತ ಮಲಗಿದ್ದರು. ನಾಲ್ಕು ಕಾಲು ಮಾತ್ರ ಕಾಣುತ್ತಿದ್ದವು. ಒಳಗಿಂದ, “ಹಿಂಗ ಹಿಡಿ, ಹಿಂಗ ಸುತ್ತು” ಎಂದು ಕೇಳುತ್ತಿತ್ತು.

“ಅಪ್ಪಾ, ದ್ಯಾಮಣ್ಣನ ಫೋನ್. ಸೀಟಿಂದು. ಏನ್ ಹೇಳ್ಲಿ?”

ಕಾಲುಗಳು ಅಲುಗಾಡಲಿಲ್ಲ.

“ಡ್ಯೂಟಿ ಮ್ಯಾಲ ಅದಾನಂತ ಹೇಳವಾ” ಎಂದ ಅಪ್ಪ. “ಈಗೇನು ರಜಾ ಸಿಗಂಗಿಲ್ಲ.”